ಡ್ರಾಯರ್‌ನಲ್ಲೇ ಉಳಿದ ಚೀಟಿಗಳು

ಈ ಮಳೆಗಾಲ ಮುಗಿದ ಮೇಲೆ ಕ್ಲಿನಿಕ್‌ನ ಡ್ರಾಯರ್ ಖಾಲಿ ಮಾಡಿದೆ. 170-180 ಚೀಟಿ ಸಿಕ್ಕವು. ಎಲ್ಲವೂ ಐದು ವರ್ಷದೊಳಗಿನ ಮಕ್ಕಳ ಹೆಸರಿಗೆ ನಾನೇ ಬರೆದಿಟ್ಟ ಆಂಟಿಬಯೋಟಿಕ್ ಚೀಟಿಗಳು. ಅವನ್ನು ಕೇಳಿಕೊಂಡು ಯಾರೂ ಬಂದಿರಲಿಲ್ಲ, ಅಷ್ಟರಲ್ಲಿ ಮಕ್ಕಳು ಹುಷಾರಾಗಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆದದ್ದು ಒಟ್ಟು 220 ಇರಬಹುದು. ಐದರಲ್ಲಿ ನಾಲ್ಕು ಮಕ್ಕಳಿಗೆ ಬೇಕಾಗಲೇ ಇಲ್ಲ. ನೆಗಡಿ, ಜ್ವರಕ್ಕೆ ಕೂಡಲೇ ಆಂಟಿಬಯೋಟಿಕ್ ಕೊಡದೆ ಎರಡು ದಿನ ಕಾದು ನೋಡುವ ಈ ಪದ್ಧತಿಯನ್ನು 2019ರಲ್ಲಿ ಶುರು ಮಾಡಿದಾಗ "ಸೋಮವಾರಪೇಟೆ ಮಳೆಗೆ ಇದೆಲ್ಲ ಆಗೋದಿಲ್ಲ ಮಾರಾಯ, ಒಂದು ಮಗುಗೆ ನ್ಯುಮೋನಿಯಾ ಆದ್ರೆ ಕ್ಲಿನಿಕ್ ಮುಚ್ಚಿಸ್ತಾರೆ" ಎಂದಿದ್ದ ಡಾಕ್ಟರ್ ಸ್ನೇಹಿತರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವೆಲ್ಲ ಓದಿದ್ದು ಒಂದೇ, ಹಾಗಾಗಿ ಯಾವುದು ವೈರಸ್ ಯಾವುದು ಬ್ಯಾಕ್ಟೀರಿಯಾ ಎಂದು ಬಿಡಿಸಿ ಹೇಳುವುದಿಲ್ಲ. ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಹಸಿರು ಸಿಂಬಳ ಕಂಡ ಮಾತ್ರಕ್ಕೆ ಅದು ಬೇಕಿಲ್ಲ, ನೆಗಡಿಯ ಕೆಮ್ಮು ಎರಡು ಮೂರು ವಾರ ಎಳೆಯುತ್ತದೆ, ಇದು ನಮಗೆಲ್ಲ ಗೊತ್ತು. ಗೊತ್ತಿದ್ದೂ ಬರೆಯುತ್ತಿದ್ದೆವು. ಸೋಮವಾರ ಸಂತೆ ದಿನ ಹೊರಗೆ ಬೆಂಚು ತುಂಬಿರುತ್ತದೆ, ಒಂದೊಂದು ತಾಯಿಗೂ ಹತ್ತು ನಿಮಿಷ ವಿವರಿಸುವುದಕ್ಕಿಂತ ಒಂದು ಅಜಿತ್ರೋಮೈಸಿನ್ ಬರೆಯುವುದು ಸುಲಭ. ಆಗ ನೆಗಡಿ ಕೆಮ್ಮೆಂದು ಬಂದ 100 ಮಕ್ಕಳಲ್ಲಿ 65 ಮಕ್ಕಳಿಗಾದರೂ ನಾನು ಬರೆಯುತ್ತಿದ್ದೆ.

ಮನಸ್ಸು ತಿರುಗಿದ್ದು 2018ರ ಆಗಸ್ಟ್‌ನಲ್ಲಿ. ಗುಡ್ಡ ಕುಸಿದು ರಸ್ತೆ ಮುಚ್ಚಿದ್ದವು, ನಾನು ಒಂದು ಪರಿಹಾರ ಕೇಂದ್ರದಲ್ಲಿ ಮಕ್ಕಳನ್ನು ನೋಡುತ್ತಿದ್ದೆ. ಮೂರನೇ ದಿನಕ್ಕೆ ಆಂಟಿಬಯೋಟಿಕ್ ಸಿರಪ್ ಮುಗಿಯಿತು. ಉಳಿದದ್ದು ಪ್ಯಾರಾಸಿಟಮಾಲ್, ಓಆರ್‌ಎಸ್, ಜಿಂಕ್ ಅಷ್ಟೇ. ಇದ್ದ ಐದಾರು ಇಂಜೆಕ್ಷನ್ ನಿಜವಾಗಿ ಕಾಯಿಲೆ ಇದ್ದವರಿಗೆ ಎತ್ತಿಟ್ಟೆವು. ಒಂದೇ ಹಾಲ್‌ನಲ್ಲಿ ಒಬ್ಬರ ಪಕ್ಕ ಒಬ್ಬರು ಮಲಗಿದ್ದ ಸುಮಾರು 40 ಮಕ್ಕಳಿಗೆ ನೆಗಡಿ, ಜ್ವರ. ದಿನಕ್ಕೆ ಎರಡು ಸಲ ಉಸಿರು ಎಣಿಸುತ್ತಾ ಕೂತೆ. ಮೊದಲ ಎರಡು ದಿನ ಸಿರಪ್ ಸಿಕ್ಕ ಮಕ್ಕಳೂ ಆಮೇಲೆ ಸಿಗದವರೂ ಹುಷಾರಾದದ್ದು ಅದೇ ನಾಲ್ಕೈದು ದಿನಕ್ಕೆ. ಒಂದು ಮಗುವನ್ನು ಮಾತ್ರ ಮಡಿಕೇರಿಗೆ ಕಳಿಸಬೇಕಾಯಿತು.

ಮರು ವರ್ಷ ಕ್ಲಿನಿಕ್‌ನಲ್ಲಿ ಎರಡು ದಿನದ ಚೀಟಿ ಶುರು ಮಾಡಿದೆ. ಔಷಧ ಬರೆದು ತಾಯಿ ಕೈಗೆ ಕೊಟ್ಟು, ಎರಡು ದಿನ ಕಾದು ನೋಡಿ, ಜ್ವರ ಇಳಿಯದಿದ್ದರೆ ಮಾತ್ರ ತಗೊಳ್ಳಿ ಎಂದೆ. ಪೂರ್ತಿ ಸೋತೆ. ಮೊದಲ 40 ಚೀಟಿಯಲ್ಲಿ 30 ಅದೇ ಸಂಜೆ ಮೆಡಿಕಲ್‌ಗೆ ಹೋದವು. ಶಾಂತಳ್ಳಿ ಕಡೆಯ ಒಬ್ಬ ತಾಯಿಯನ್ನು ಕೇಳಿದೆ, ಯಾಕಮ್ಮಾ ಕಾಯಲಿಲ್ಲ ಎಂದು. "ನೀವು ಬರೆದಿದ್ದೀರಿ ಅಂದ್ಮೇಲೆ ಬೇಕಾಗಿರುತ್ತೆ ಅಲ್ವಾ ಡಾಕ್ಟ್ರೇ? ರಾತ್ರಿ ಮಗು ಕೆಮ್ಮುವಾಗ ಚೀಟಿ ಪರ್ಸಲ್ಲಿ ಇಟ್ಟುಕೊಂಡು ಸುಮ್ನೆ ಹೇಗೆ ಕೂರೋದು?" ಎಂದಳು. ಅವಳ ಮಾತು ಸರಿಯಾಗಿಯೇ ಇತ್ತು.

ಅಂದಿನಿಂದ ಚೀಟಿ ನನ್ನ ಡ್ರಾಯರ್‌ಗೆ ಬಂತು. ಮಗುವಿನ ಎದುರೇ ಬರೆದು, ತಾರೀಕು ಹಾಕಿ, ಒಳಗಿಡುತ್ತೇನೆ. ಮೂರನೇ ದಿನ ಬಂದರೆ ಫೀಸ್ ಇಲ್ಲ. ಮಗುವನ್ನು ಮತ್ತೆ ನೋಡಿ, ಬೇಕೆನಿಸಿದರೆ ಚೀಟಿ ಕೊಡುತ್ತೇನೆ. ಗರ್ವಾಲೆ, ಸೂರ್ಲಬ್ಬಿ ಕಡೆಯಿಂದ ಬಂದವರು ಮಳೆಯಲ್ಲಿ ಮತ್ತೆ ಬರುವುದು ಕಷ್ಟ, ಫೋನ್ ಕೂಡ ಸಿಗುವುದಿಲ್ಲ. ಅವರಿಗೆ ಮಾತ್ರ ಮಡಚಿ ಸ್ಟೇಪ್ಲರ್ ಹೊಡೆದು ಕೈಗೆ ಕೊಡುತ್ತೇನೆ. ಆ ಚೀಟಿ ಮೇಲೆ ಮೆಡಿಕಲ್‌ನವರಿಗೆ ಮಾತ್ರ ಅರ್ಥವಾಗುವ ಒಂದು ಗುರುತಿದೆ. ಅದೇನೆಂದು ಇಲ್ಲಿ ಬರೆದರೆ ನಾಳೆಯೇ ಅದರ ಕೆಲಸ ಮುಗಿಯಿತು. ನಿಮ್ಮ ಊರಿನ ಅಂಗಡಿಯವರ ಜೊತೆ ಕೂತು ನಿಮ್ಮದೇ ಒಂದು ಮಾಡಿಕೊಳ್ಳಿ.

ಕಾಯಿಸದ ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲಿ ಸಡಿಲ ಬಿಟ್ಟರೆ ಇಡೀ ಪದ್ಧತಿ ಅಪಾಯ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ ಬಂದರೆ ನೇರ ದೊಡ್ಡಾಸ್ಪತ್ರೆ. ಎದೆಗೂಡು ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯದಿದ್ದರೆ, ಮಂಕಾಗಿ ಮಲಗಿದ್ದರೆ, ಫಿಟ್ಸ್ ಬಂದಿದ್ದರೆ ಅಲ್ಲಿಗೇ. ಭೇದಿಯಲ್ಲಿ ರಕ್ತ ಇದ್ದರೆ ಆಂಟಿಬಯೋಟಿಕ್ ಆ ದಿನವೇ ಶುರು. ಉಸಿರು ನಿಮಿಷಕ್ಕೆ ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ಡ್ರಾಯರ್ ಮಾತೇ ಇಲ್ಲ. ಲಸಿಕೆ ಕಾರ್ಡ್ ನೋಡದೆ ಯಾರನ್ನೂ ಕಾಯಿಸುವುದಿಲ್ಲ. ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆ ಸರ್ಕಾರಿ ಲಸಿಕೆ ಪಟ್ಟಿಗೆ ಬಂದದ್ದು ನನ್ನ ಧೈರ್ಯವನ್ನು ಎಷ್ಟೋ ಹೆಚ್ಚಿಸಿತು.

ಆದರೂ ಎಡವಿದೆ. ಮೊದಲ ವರ್ಷವೇ, 14 ತಿಂಗಳ ಹೆಣ್ಣುಮಗು. ಮೂರು ದಿನದ ಜ್ವರ, ನೆಗಡಿ ಇಲ್ಲ, ಕೆಮ್ಮು ಇಲ್ಲ, ಗಂಟಲು ಸರಿಯಾಗಿದೆ. ವೈರಲ್ ಎಂದು ಚೀಟಿ ಒಳಗಿಟ್ಟೆ. ಅವರು ಮತ್ತೆ ನನ್ನ ಹತ್ತಿರ ಬರಲಿಲ್ಲ, ಐದನೇ ದಿನ ಬೇರೆ ಕಡೆ ತೋರಿಸಿದರು. ಅದು ಮೂತ್ರದ ಸೋಂಕು. ಮಗು ಹುಷಾರಾಯಿತು, ಆದರೆ ಆ ಎರಡು ದಿನದ ನೋವು ನನ್ನಿಂದ ಆದದ್ದು. ಇವತ್ತಿಗೂ ಆ ಮಗುವಿನ ತಂದೆಯನ್ನು ಪೇಟೆಯಲ್ಲಿ ಕಂಡರೆ ನಿಂತು ಮಾತಾಡಿಸುತ್ತೇನೆ. ಆಮೇಲೆ ನಿಯಮ ಬದಲಾಯಿತು: ಎರಡು ವರ್ಷದೊಳಗಿನ ಮಗು, ಜ್ವರಕ್ಕೆ ಕಾರಣ ಕಾಣುತ್ತಿಲ್ಲ ಎಂದರೆ ಮೊದಲು ಮೂತ್ರ ಪರೀಕ್ಷೆ, ಆಮೇಲೆ ಉಳಿದ ಮಾತು. ಮೂತ್ರದಲ್ಲಿ ಅದ್ದಿ ನೋಡುವ ಸ್ಟ್ರಿಪ್‌ಗಳನ್ನು ಕ್ಲಿನಿಕ್‌ನಲ್ಲೇ ಇಟ್ಟಿದ್ದೇನೆ. ಸ್ಟ್ರಿಪ್‌ನಲ್ಲಿ ಅನುಮಾನ ಬಂದರೆ ಮೂತ್ರವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸಿ ಆಮೇಲೆಯೇ ಮೊದಲ ಡೋಸ್.

ಮೂತ್ರದ ಮಾತು ಬಂತು ಎಂದು ಇನ್ನೊಂದು. ಕೊಡವರ ಕಕ್ಕಡ ತಿಂಗಳ 18ರಂದು ಇಲ್ಲಿ ಮದ್ದುಸೊಪ್ಪಿನ ಅಡುಗೆ ಮಾಡುತ್ತಾರೆ. ಅದರ ಮಾರನೇ ದಿನ "ಮಗು ಕೆಂಪಗೆ ಮೂತ್ರ ಮಾಡ್ತಿದೆ" ಎಂದು ಗಾಬರಿಯಲ್ಲಿ ಬರುವವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ, ಹೆಚ್ಚಾಗಿ ಹೊರಗಿನಿಂದ ವರ್ಗವಾಗಿ ಬಂದವರು. ಪಕ್ಕದ ಮನೆಯವರು ಮದ್ದುಸೊಪ್ಪಿನ ಪಾಯಸ ಕೊಟ್ಟಿರುತ್ತಾರೆ, ಬಣ್ಣ ಅದರದ್ದು. ಈ ಕಡೆ ಹೊಸದಾಗಿ ಬಂದ ಡಾಕ್ಟರ್‌ಗಳು ಪರೀಕ್ಷೆಗೆ ಬರೆಯುವ ಮೊದಲು ನಿನ್ನೆ ಏನು ತಿಂದಿತ್ತು ಎಂದು ಕೇಳಿ.

ಇನ್ನೊಂದು ಸೋಲು ಕಿವಿಯದ್ದು. ಮೂರು ವರ್ಷದ ಹುಡುಗ, ಒಂದೇ ಕಿವಿ ನೋವು, ಜ್ವರ ಕಡಿಮೆ. ಪುಸ್ತಕದ ಪ್ರಕಾರ ಎರಡು ದಿನ ಕಾಯಬಹುದು, ಕಾಯಿಸಿದೆ. ಮಾರನೇ ದಿನವೇ ಕಿವಿ ಸೋರಿತು. ಅವರಪ್ಪ ಬೆಂಚಿನ ಮೇಲಿದ್ದವರೆಲ್ಲ ಕೇಳುವಂತೆ ಕೂಗಾಡಿದರು. ಮೂರ್ನಾಲ್ಕು ವಾರದಲ್ಲಿ ಕಿವಿ ತಮಟೆ ಕೂಡಿಕೊಂಡಿತು, ಕೇಳಿಸುವುದಕ್ಕೂ ತೊಂದರೆ ಆಗಲಿಲ್ಲ. ಆದರೆ ನೋವಿಗೆ ಸರಿಯಾದ ತೂಕದ ಪ್ಯಾರಾಸಿಟಮಾಲ್ ಹೇಳದೆ ಕಳಿಸಿದ್ದು ನನ್ನದೇ ತಪ್ಪು. ಕಾಯಿಸುವುದು ಎಂದರೆ ನೋವು ತಡೆದುಕೊಳ್ಳಿ ಎಂದಲ್ಲ.

ಈಗ ದುಡ್ಡಿನ ಮಾತು. ಮಳೆಗಾಲದಲ್ಲಿ ದಿನಕ್ಕೆ 50 ಜನ ಬರುತ್ತಿದ್ದರು, 2019ರ ಕೊನೆಗೆ 30ಕ್ಕೆ ಇಳಿದರು. "ಡಾಕ್ಟ್ರ ಕೈಗುಣ ಹೋಯ್ತು" ಎಂಬ ಮಾತು ನನ್ನ ಕಿವಿಗೇ ಬಿತ್ತು. ತಿಂಗಳಿಗೆ 35-40 ಸಾವಿರ ಕಡಿಮೆಯಾಯಿತು, ಮೇಲಿಂದ ಮೂರನೇ ದಿನದ ಪುಕ್ಕಟೆ ನೋಟ. ಕೆಳಗಿನ ಮೆಡಿಕಲ್‌ನವರು ಒಂದು ವರ್ಷ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮನೆಯಲ್ಲಿ ಲೆಕ್ಕ ನೋಡುವುದು ಹೆಂಡತಿ. ಆರು ತಿಂಗಳು ಏನೂ ಅನ್ನಲಿಲ್ಲ, ಏಳನೇ ತಿಂಗಳು ಕ್ಲಿನಿಕ್‌ನ ಸಾಲದ ಕಂತಿನ ಪುಸ್ತಕ ತಂದು ಊಟದ ತಟ್ಟೆ ಪಕ್ಕ ಇಟ್ಟಳು. ನಡುವೆ ಕೋವಿಡ್ ಬಂತು, ಆ ಎರಡು ವರ್ಷವನ್ನು ನಾನು ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲ. ಜನ ಮರಳಿದ್ದು ತೋಟದಲ್ಲಿ ಲೆಕ್ಕ ಬರೆಯುವ ಒಬ್ಬ ರೈಟರ್‌ನಿಂದ. ಅವನಿಗೆ ಮೂರು ಮಕ್ಕಳು. ಮೊದಲು ಒಂದು ಶೀತಕ್ಕೆ ಫೀಸ್, ಆಂಟಿಬಯೋಟಿಕ್, ಕೆಮ್ಮಿನ ಸಿರಪ್ ಎಲ್ಲ ಸೇರಿ 400-450 ಆಗುತ್ತಿತ್ತು, ಈಗ 200 ದಾಟುವುದಿಲ್ಲ ಎಂದು ಲೆಕ್ಕ ಬರೆದು ತೋಟದ ಕಾರ್ಮಿಕರ ಇಡೀ ಲೈನ್ ಮನೆಯವರಿಗೆ ತೋರಿಸಿದ್ದಾನೆ. ಈಗ ಮಳೆಗಾಲದಲ್ಲಿ ದಿನಕ್ಕೆ 60 ಜನ.

ಕೆಮ್ಮಿನ ಸಿರಪ್ ನಾನು ಆಗಲೇ ಬಿಟ್ಟಿದ್ದೆ. 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್‌ನಿಂದ ಮಕ್ಕಳು ಸತ್ತ ಸುದ್ದಿ ಬಂದ ಮೇಲೆ ಯಾವ ತಾಯಿಯೂ ಅದನ್ನು ಕೇಳುತ್ತಿಲ್ಲ. ಬದಲಿಗೆ ಒಂದು ವರ್ಷ ದಾಟಿದ ಮಕ್ಕಳಿಗೆ ರಾತ್ರಿ ಅರ್ಧ ಚಮಚ ಜೇನು. ಕೊಡಗಿನಲ್ಲಿ ಜೇನಿಗೆ ಬರವೇ? ಅಜ್ಜಿಯಂದಿರಿಗೂ ಖುಷಿ. ಆದರೆ ಹುಟ್ಟಿದ ಮಗುವಿನ ನಾಲಿಗೆಗೆ ಜೇನು ಸವರುವ ಅಜ್ಜಿಯರ ಜೊತೆ ನನ್ನ ಜಗಳ ಮುಗಿದಿಲ್ಲ. ಒಂದು ವರ್ಷದೊಳಗೆ ಜೇನು ಬೊಟುಲಿಸಂ ತರಬಹುದು. ಶೀತಕ್ಕೆ ಎರಡು ಹನಿ ಬ್ರಾಂದಿಯೂ ಬೇಡ. ಅಜ್ಜಿಯರನ್ನು ಒಪ್ಪಿಸುವ ನನ್ನ ದಾರಿ ಒಂದಿದೆ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಔಷಧ ಬೇಕಾದವರಿಗೆ ಕೊಡುವುದರಲ್ಲೂ ಕಲಿತದ್ದಿದೆ. 2019ರ ಆಗಸ್ಟ್‌ನಲ್ಲಿ ಕರೆಂಟ್ ನಾಲ್ಕೈದು ದಿನ ಇರಲಿಲ್ಲ. ಪುಡಿಗೆ ನೀರು ಹಾಕಿ ಕಲಸಿದ ಕೋ-ಅಮಾಕ್ಸಿಕ್ಲಾವ್ ಎಂಬ ಆಂಟಿಬಯೋಟಿಕ್ ಬಾಟಲಿಗಳು ಫ್ರಿಜ್‌ನಲ್ಲಿದ್ದೂ ಹಳದಿ ತಿರುಗಿದವು. ಲೈನ್ ಮನೆಗಳಲ್ಲಿ ಫ್ರಿಜ್ಜೇ ಇಲ್ಲ. ಸಾಮಾನ್ಯ ನ್ಯುಮೋನಿಯಾಕ್ಕೆ ಬರಿ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಸಾಕು, ಹಾಗಾಗಿ ನೀರಲ್ಲಿ ಕರಗುವ ಅದರ ಡಿಟಿ ಮಾತ್ರೆಗೆ ಬದಲಾದೆ. ಫ್ರಿಜ್ ಬೇಡ, ಅಳತೆ ತಪ್ಪುವುದಿಲ್ಲ, ಬೆಲೆಯೂ ಕಡಿಮೆ. ಮಾತ್ರೆ ಉಳಿಸಬೇಡಿ, ತಮ್ಮನಿಗೆ ಕೊಡಬೇಡಿ ಎಂದು ಪ್ರತಿ ಸಲ ಹೇಳುತ್ತೇನೆ.

ಅಳತೆಯ ಬಗ್ಗೆ ಒಂದು ಚಿಕ್ಕ ಪ್ರಯೋಗ ಮಾಡಿದೆ. 12 ಮನೆಗಳ ಚಮಚ ತರಿಸಿ ನೀರು ತುಂಬಿ ಅಳೆದೆ. ಒಂದರಲ್ಲಿ 3 ಎಂ.ಎಲ್. ಹಿಡಿಯಿತು, ಇನ್ನೊಂದರಲ್ಲಿ 8ರ ಹತ್ತಿರ. ಅವತ್ತಿನಿಂದ ಸೂಜಿ ಇಲ್ಲದ 5 ಎಂ.ಎಲ್. ಸಿರಿಂಜ್ ಕೊಡುತ್ತೇನೆ, ಡೋಸ್ ಇರುವ ಗೆರೆಗೆ ಕೆಂಪು ನೇಲ್ ಪಾಲಿಶ್. ಇನ್ನೊಂದು ತಿಂಗಳು ಮನೆಯಲ್ಲಿರುವ ಹಳೇ ಬಾಟಲಿಗಳನ್ನೆಲ್ಲ ತನ್ನಿ ಎಂದೆ, ಎರಡು ಚೀಲ ತುಂಬಿತು. ಅರ್ಧ ಕುಡಿದ ಆಂಟಿಬಯೋಟಿಕ್‌ಗಳೇ ಜಾಸ್ತಿ. ಒಬ್ಬ ತಾಯಿ ಪ್ಯಾರಾಸಿಟಮಾಲ್ ಡ್ರಾಪ್ಸನ್ನು ಸಿರಪ್ ಚಮಚದಲ್ಲಿ ಹಾಕುತ್ತಿದ್ದಳು. ಡ್ರಾಪ್ಸ್‌ನಲ್ಲಿ ಒಂದು ಎಂ.ಎಲ್.ಗೆ 100 ಮಿ.ಗ್ರಾಂ, ಆ ಸಿರಪ್‌ನಲ್ಲಿ ಐದು ಎಂ.ಎಲ್.ಗೆ 125. ಅಂದರೆ ನಾಲ್ಕು ಪಟ್ಟು ಡೋಸ್. ಪುಣ್ಯಕ್ಕೆ ಒಂದೇ ಸಲ ಕೊಟ್ಟಿದ್ದಳು. ಅವಳು ಚೀಲ ತರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಭೇದಿಯದ್ದು ಸುಲಭ, ಬೇಗ ಮುಗಿಸುತ್ತೇನೆ. ಓಆರ್‌ಎಸ್, ಜಿಂಕ್ 14 ದಿನ, ಎದೆಹಾಲು ನಿಲ್ಲಿಸಬಾರದು. ಓಫ್ಲಾಕ್ಸಸಿನ್-ಆರ್ನಿಡಜೋಲ್ ಎಂಬ ಆಂಟಿಬಯೋಟಿಕ್ ಸಿರಪ್ ನಾನು ಬರೆದು ಐದು ವರ್ಷ ಆಯಿತು. ಜಿಂಕ್ ನಾಲ್ಕನೇ ದಿನ ನಿಲ್ಲಿಸುವವರೇ ಜಾಸ್ತಿ, ಅದಕ್ಕೆ ಇನ್ನೂ ದಾರಿ ಕಂಡುಕೊಂಡಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಮಯ ತಿಂದದ್ದು ಉಸಿರೆಣಿಕೆ. ತಾಯಂದಿರಿಗೆ ಕಲಿಸದಿದ್ದರೆ ರಾತ್ರಿ ಹೊತ್ತಿಗೆ ಯಾರು ನೋಡುತ್ತಾರೆ? ಮೊದಲು ಸಂತೆಯಲ್ಲಿ ಮಣಿ ತಂದು ಸರ ಪೋಣಿಸಿದೆ, ಒಂದು ಉಸಿರಿಗೆ ಒಂದು ಮಣಿ, ನಿಮಿಷದೊಳಗೆ ಕೆಂಪು ಮಣಿ ಬಂದರೆ ಓಡಿ ಬನ್ನಿ ಎಂದು. ಸುಮಾರು ಎರಡು ಸಾವಿರ ಹೋಯಿತು. ಮಣಿ ಎಳೆಯುವ ಗಡಿಬಿಡಿಯಲ್ಲಿ ಉಸಿರು ತಪ್ಪುತ್ತಿತ್ತು. ಆಮೇಲೆ ಮೊಬೈಲ್ ನೋಡಿ ಎಣಿಸಿ ಎಂದೆ, ಒಬ್ಬಳು 84 ಎಂದು ಅಳುತ್ತಾ ಬಂದಳು. ನಾನು ಎಣಿಸಿದರೆ 42, ಮಗುವಿಗೆ ಏಳು ತಿಂಗಳು, ಏನೂ ತೊಂದರೆ ಇಲ್ಲ. ಹೊಟ್ಟೆ ಏರಿದ್ದು ಒಂದು, ಇಳಿದದ್ದು ಒಂದು ಎಂದು ಎಣಿಸಿದ್ದಳು.

ಕೊನೆಗೆ ಕೈ ಹಿಡಿದದ್ದು ಕಾಗದದ ದೋಣಿ. ಮಗು ನಿದ್ದೆಯಲ್ಲಿದ್ದಾಗ ಅಂಗಿ ಸರಿಸಿ ಹೊಟ್ಟೆ ಮೇಲೆ ಬೆರಳುದ್ದದ ದೋಣಿ ಇಡುವುದು. ದೋಣಿ ಏರಿದಾಗ ಮಾತ್ರ ಒಂದು. ಪೂರ್ತಿ ಒಂದು ನಿಮಿಷ. ದೋಣಿ ಮಾಡಲು ಯಾರಿಗೂ ಹೇಳಿಕೊಡಬೇಕಿಲ್ಲ, ಕೊಡಗಿನ ಮಳೆಯಲ್ಲಿ ಬೆಳೆದವರು ತಾನೇ.

ಅಸ್ಸಾಂನಿಂದ ತೋಟಕ್ಕೆ ಬಂದ ಕುಟುಂಬಗಳಿಗೆ ನನ್ನ ಕನ್ನಡ ಅರ್ಥವಾಗುವುದಿಲ್ಲ, ಅವರಿಗೆ ನಾನು ಬರಿ ದೋಣಿ ಇಟ್ಟು, ಬೆರಳಲ್ಲಿ ಎಣಿಸಿ ತೋರಿಸಿದ್ದೆ. ಈ ಜುಲೈನಲ್ಲಿ ಒಂದು ರಾತ್ರಿ ಹತ್ತೂವರೆಗೆ ತೋಟದ ಜೀಪು ಮನೆ ಬಾಗಿಲಿಗೆ ಬಂತು. ಎಂಟು ತಿಂಗಳ ಮಗು. ಎರಡು ದಿನದ ಹಿಂದೆ ನೆಗಡಿ ಎಂದು ಚೀಟಿ ಡ್ರಾಯರ್‌ಗೆ ಹೋಗಿತ್ತು. ತಾಯಿ ಮಾತೇ ಆಡಲಿಲ್ಲ, ಎರಡು ಕೈಯ ಬೆರಳು ಬಿಡಿಸಿ ಮಡಚಿ ಬಿಡಿಸಿ ತೋರಿಸಿದಳು, 58. ನಾನು ಎಣಿಸಿದೆ, ಅಷ್ಟೇ ಬಂತು. ಎದೆಗೂಡಿನ ಕೆಳಗೆ ಆಗಲೇ ಸೆಳೆಯುತ್ತಿತ್ತು. ಮೊದಲ ಡೋಸ್ ಇಂಜೆಕ್ಷನ್ ಕೊಟ್ಟು ಅದೇ ಜೀಪಿನಲ್ಲಿ ಮಡಿಕೇರಿಗೆ ಕಳಿಸಿದೆ, ಮಳೆಯಲ್ಲಿ 40 ಕಿಲೋಮೀಟರ್‌ಗೆ ಒಂದೂವರೆ ಗಂಟೆ ಹಿಡಿಯಿತಂತೆ. ಅಲ್ಲಿ ಆಮ್ಲಜನಕ ಹಾಕಿ ನಾಲ್ಕು ದಿನ ಇಟ್ಟುಕೊಂಡರು. ವಾಪಸ್ ಬಂದ ದಿನ ಮಗು ಬೆಂಚಿನ ಮೇಲೆ ನಿದ್ದೆ ಮಾಡುತ್ತಿತ್ತು, ಅವಳೇ ದೋಣಿ ಇಟ್ಟು ಎಣಿಸಿದಳು. 36.