3,500 ಕಿಲೋದ ಗೆರೆಯೊಳಗೆ ಯುರೋಪ್: ದೊಡ್ಡ ಮೋಟರ್‌ಹೋಮ್ ಪ್ರವಾಸಕ್ಕೆ ಸಿದ್ಧರಾಗುವುದು ಹೇಗೆ?

ಊರಿನಿಂದ ಬಂದ ಅಪ್ಪ, ಅಮ್ಮ ಮತ್ತು ಮಕ್ಕಳನ್ನು ಒಂದೇ ವಾಹನದಲ್ಲಿ ಕೂರಿಸಿಕೊಂಡು, ಮ್ಯೂನಿಕ್‌ನಿಂದ ಹೊರಟು ಆಲ್ಪ್ಸ್ ಪರ್ವತದ ಬ್ರೆನ್ನರ್ ಕಣಿವೆದಾರಿ ದಾಟಿ ಇಟಲಿಯ ಗಾರ್ಡಾ ಸರೋವರದವರೆಗೆ ಹೋಗಿಬರುವುದು ಜರ್ಮನಿಯಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಸುಲಭವಾಗಿ ಕೈಗೆಟುಕುವ ಪ್ರವಾಸ. ಇದಕ್ಕೆ ಆರು ಹಾಸಿಗೆಗಳ, ಏಳು ಮೀಟರ್ ಉದ್ದದ ಮೋಟರ್‌ಹೋಮ್ ಬಾಡಿಗೆಗೆ ಸಿಗುತ್ತದೆ. ಎಲ್ಲಿ ಹೋಗಬೇಕು, ಏನು ನೋಡಬೇಕು ಎಂಬುದನ್ನು ಜನ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ವಾಹನ ಎಷ್ಟು ತೂಗುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನು ಕಂಡಂತೆ ಇಂತಹ ಪ್ರವಾಸಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ. ಆದ್ದರಿಂದ ಈ ಲೇಖನದಲ್ಲಿ ತೂಕಕ್ಕೆ ದೊಡ್ಡ ಪಾಲು ಸಂದಿದೆ.

ಹೆಜ್ಜೆ 1: ಲೈಸೆನ್ಸ್ ಮತ್ತು ವೀಸಾ

ಯುರೋಪಿನಲ್ಲಿ ಸಾಮಾನ್ಯ ಕಾರಿನ ಲೈಸೆನ್ಸ್, ಅಂದರೆ ‘ಬಿ’ ವರ್ಗ, ಒಟ್ಟು 3,500 ಕೆ.ಜಿ. ಅನುಮತಿಸಿದ ತೂಕದ ವಾಹನದವರೆಗೆ ಮಾತ್ರ ಸಾಕಾಗುತ್ತದೆ. ಅದಕ್ಕಿಂತ ಮೇಲೆ 7,500 ಕೆ.ಜಿ.ವರೆಗೆ ‘ಸಿ1’ ವರ್ಗ ಬೇಕು. ಭಾರತದ ಲಘು ಮೋಟಾರು ವಾಹನದ ಲೈಸೆನ್ಸ್ 7,500 ಕೆ.ಜಿ.ವರೆಗೆ ಅನ್ವಯಿಸುವುದರಿಂದ ಅದೇ ಮಿತಿ ಇಲ್ಲಿಯೂ ನಡೆಯುತ್ತದೆಂದು ಊರಿನಿಂದ ಬರುವವರು ನಂಬಿರುತ್ತಾರೆ. ಅದು ತಪ್ಪು. ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ಯಾವ ವರ್ಗಕ್ಕೆ ಮುದ್ರೆ ಬಿದ್ದಿದೆಯೋ ಅದೇ ಲೆಕ್ಕ, ಮತ್ತು ಅಲ್ಲಿಯೂ ‘ಬಿ’ ವರ್ಗದ ಮಿತಿ 3,500 ಕೆ.ಜಿ.ಯೇ. ಈ ಪರವಾನಗಿಯನ್ನು ಭಾರತ ಬಿಡುವ ಮೊದಲೇ ಮಾಡಿಸಿಕೊಳ್ಳಬೇಕು. ಒಂದು ವರ್ಷ ಚಾಲ್ತಿಯಲ್ಲಿರುವ ಅದರ ಜೊತೆ ಮೂಲ ಲೈಸೆನ್ಸ್ ಕೂಡ ಕೈಯಲ್ಲಿರಲೇಬೇಕು. ಜರ್ಮನಿಗೆ ವಾಸಕ್ಕೆಂದು ಬಂದು ಆರು ತಿಂಗಳು ಕಳೆದವರಿಗೆ ಭಾರತೀಯ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ‘ಬಿ’ ವರ್ಗದ ಮಿತಿಯನ್ನು ಮೋಟರ್‌ಹೋಮ್‌ಗಳಿಗೆ 4,250 ಕೆ.ಜಿ.ಗೆ ಏರಿಸುವ ನಿಯಮವನ್ನು ಯುರೋಪಿಯನ್ ಒಕ್ಕೂಟ 2025ರಲ್ಲಿ ಒಪ್ಪಿದೆಯಾದರೂ, ನೀವು ಹೋಗುವ ದೇಶ ಅದನ್ನು ತನ್ನ ಕಾನೂನಿಗೆ ಸೇರಿಸಿಕೊಳ್ಳುವವರೆಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಪ್ರವಾಸಿ ವೀಸಾದ ಮೇಲೆ ಬರುವವರು ಷೆಂಗೆನ್ ವಲಯದಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಇರಬಹುದು.

ಹೆಜ್ಜೆ 2: ವಾಹನದ ಆಯ್ಕೆ

ಹಾಸಿಗೆಗಳನ್ನು ಎಣಿಸಬೇಡಿ, ಸೀಟ್ ಬೆಲ್ಟ್‌ಗಳನ್ನು ಎಣಿಸಿ. ಆರು ಜನ ಮಲಗಬಹುದಾದ ವಾಹನದಲ್ಲಿ ನಾಲ್ಕೇ ಬೆಲ್ಟ್‌ಗಳಿರುವುದುಂಟು, ಮತ್ತು ವಾಹನ ಚಲಿಸುವಾಗ ಹಿಂದಿನ ಹಾಸಿಗೆಯಲ್ಲಿ ಯಾರೂ ಮಲಗುವಂತಿಲ್ಲ. ಮಕ್ಕಳ ಸೀಟನ್ನು ಯಾವ ಆಸನಕ್ಕೆ ಭದ್ರವಾಗಿ ಕಟ್ಟಲು ಬರುತ್ತದೆ ಎಂಬುದನ್ನು ಬುಕಿಂಗ್ ಮಾಡುವಾಗಲೇ ಕೇಳಿ. ಚಾಲಕನ ತಲೆಯ ಮೇಲಿನ ಹಾಸಿಗೆಗೆ ಏಣಿ ಹತ್ತಬೇಕಾಗುವುದರಿಂದ ಅದನ್ನು ಹಿರಿಯರಿಗೆ ಕೊಡಬಾರದು. ದಿನವೂ ಊಟದ ಮೇಜನ್ನು ಮಡಚಿ ಹಾಸಿಗೆ ಮಾಡುವ ವಿನ್ಯಾಸವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಹಿಂಭಾಗದಲ್ಲಿ ಕಾಯಂ ಹಾಸಿಗೆ ಇರುವ ವಾಹನವನ್ನೇ ಆರಿಸಿ, ಅದಕ್ಕಾಗಿ ಸ್ವಲ್ಪ ಹೆಚ್ಚು ಬಾಡಿಗೆ ಕೊಟ್ಟರೂ ಸರಿ.

ಹೆಜ್ಜೆ 3: ತೂಕ

ವಾಹನದ ತಯಾರಕರ ಫಲಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: ವಾಹನದ ಒಟ್ಟು ಗರಿಷ್ಠ ತೂಕ, ಟ್ರೈಲರ್ ಸೇರಿದ ಒಟ್ಟು ತೂಕ, ಮುಂದಿನ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಮಿತಿ, ಹಿಂದಿನ ಆಕ್ಸಲ್‌ನ ಮಿತಿ. ಅವುಗಳ ಫೋಟೊ ತೆಗೆದಿಟ್ಟುಕೊಳ್ಳಿ. ನೋಂದಣಿ ಪತ್ರದಲ್ಲಿ ಸಿಗುವ ಸಿದ್ಧಸ್ಥಿತಿಯ ತೂಕದಲ್ಲಿ ಚಾಲಕನಿಗೆ 75 ಕೆ.ಜಿ. ಮತ್ತು ಶೇ 90ರಷ್ಟು ತುಂಬಿದ ಡೀಸೆಲ್ ಟ್ಯಾಂಕ್ ಸೇರಿರುತ್ತವೆ. ಆದರೆ ನೀರಿನ ಟ್ಯಾಂಕನ್ನು ಬಹಳಷ್ಟು ತಯಾರಕರು ಸುಮಾರು 20 ಲೀಟರ್ ಎಂದಷ್ಟೇ ಲೆಕ್ಕ ಹಿಡಿಯುತ್ತಾರೆ. ಇದರ ಮೇಲೆ, ಮುದ್ರಿತ ಅಂಕಿಗೂ ನಿಜವಾದ ತೂಕಕ್ಕೂ ಶೇ 5ರಷ್ಟು ವ್ಯತ್ಯಾಸವನ್ನು ನಿಯಮವೇ ಒಪ್ಪುತ್ತದೆ, 3,000 ಕೆ.ಜಿ. ವಾಹನದಲ್ಲಿ ಅದು 150 ಕೆ.ಜಿ.

ಒಂದು ಲೆಕ್ಕ ಮಾಡೋಣ. ಸಿದ್ಧಸ್ಥಿತಿಯಲ್ಲಿ ನಿಮ್ಮ ವಾಹನ 3,000 ಕೆ.ಜಿ. ತೂಗುತ್ತದೆ ಎಂದಿಟ್ಟುಕೊಳ್ಳಿ. ಚಾಲಕ ಆಗಲೇ ಸೇರಿದ್ದಾನೆ. ಹೆಂಡತಿ, ಅಪ್ಪ, ಅಮ್ಮ ಮತ್ತು ಇಬ್ಬರು ಮಕ್ಕಳು ಸೇರಿ 255 ಕೆ.ಜಿ. ಆದರೆ ಒಟ್ಟು 3,255. ಬದಿಯ ನೆರಳಿನ ಚಪ್ಪರ ಮತ್ತು ಸೈಕಲ್ ರ‍್ಯಾಕ್‌ಗೆ 50. ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿದರೆ ಇನ್ನೊಂದು 100. ಎರಡು ಎಲೆಕ್ಟ್ರಿಕ್ ಸೈಕಲ್‌ಗಳಿಗೆ 50. ಮಡಚುವ ಮೇಜು, ಕುರ್ಚಿಗಳಿಗೆ 25. ಅಲ್ಲಿಗೆ 3,480 ಕೆ.ಜಿ. ಆಯಿತು. ಆರು ಜನರ ಬಟ್ಟೆ, ಹೊದಿಕೆ, ಪಾತ್ರೆ, ಕುಕ್ಕರ್, ಅಕ್ಕಿ, ಬೇಳೆ ಇಷ್ಟಕ್ಕೂ ಉಳಿದದ್ದು 20 ಕೆ.ಜಿ. ಮಾತ್ರ. ಬಾಡಿಗೆ ಅಂಗಡಿಯವರು ಕೀಲಿ ಕೊಡುವಾಗ ಈ ಲೆಕ್ಕವನ್ನು ಹೇಳುತ್ತಾರೆಂದು ನಿರೀಕ್ಷಿಸಬೇಡಿ. ಪೊಲೀಸರು ತಡೆದು ತೂಕ ಹಾಕಿದರೆ ದಂಡ ಕಟ್ಟುವವನು ಚಾಲಕ, ಮತ್ತು ಹೆಚ್ಚುವರಿ ಭಾರವನ್ನು ಇಳಿಸುವವರೆಗೆ ವಾಹನ ಮುಂದೆ ಹೋಗದಂತೆ ಅವರು ತಡೆಯಬಹುದು.

ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರುವುದು ಅಷ್ಟೇ ಸಾಮಾನ್ಯ. ಇದಕ್ಕೆ ಕಾರಣ ಸನ್ನೆಕೋಲಿನ ತತ್ವ. ಎರಡು ಆಕ್ಸಲ್‌ಗಳ ನಡುವೆ ನಾಲ್ಕು ಮೀಟರ್ ಅಂತರವಿದ್ದು, ಸೈಕಲ್ ರ‍್ಯಾಕ್ ಹಿಂದಿನ ಆಕ್ಸಲ್‌ನಿಂದ ಎರಡು ಮೀಟರ್ ಆಚೆಗಿದೆ ಎನ್ನೋಣ. ಅಲ್ಲಿ 100 ಕೆ.ಜಿ. ಹೇರಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವ ಭಾರ 100 ಅಲ್ಲ, 150 ಕೆ.ಜಿ.; ಮುಂದಿನ ಆಕ್ಸಲ್ 50 ಕೆ.ಜಿ.ಯಷ್ಟು ಹಗುರಾಗುತ್ತದೆ. ಬಾಡಿಗೆಗೆ ಸಿಗುವ ಮೋಟರ್‌ಹೋಮ್‌ಗಳಲ್ಲಿ ಹೆಚ್ಚಿನವು ಮುಂದಿನ ಚಕ್ರಗಳಿಂದ ಎಳೆಯುವಂಥವು. ಮುಂಭಾಗ ಹಗುರಾದ ವಾಹನ ಒದ್ದೆ ಹುಲ್ಲಿನ ಮೇಲೆ ಚಕ್ರ ತಿರುಗಿಸುತ್ತಾ ನಿಂತುಬಿಡುತ್ತದೆ, ಏರಿನಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. ಹಿಂಭಾಗದ ದೊಡ್ಡ ಸಾಮಾನು ಕೋಣೆಯನ್ನು ಕಂಡು ಹಿಗ್ಗಿ ಅದನ್ನು ಕಂಠಮಟ್ಟ ತುಂಬಿಸುವವರು ಈ ಅಪಾಯವನ್ನೇ ಆಹ್ವಾನಿಸುತ್ತಾರೆ.

ಆದ್ದರಿಂದ ಹೊರಡುವ ಮುನ್ನ ವೇಬ್ರಿಡ್ಜ್‌ಗೆ ಹೋಗಲೇಬೇಕು. ಜಲ್ಲಿಕಲ್ಲು ಮಾರುವವರು, ಗುಜರಿ ಯಾರ್ಡ್‌ಗಳು, ಧಾನ್ಯದ ಗೋದಾಮುಗಳು ಸಾಮಾನ್ಯವಾಗಿ ವೇಬ್ರಿಡ್ಜ್ ಇಟ್ಟಿರುತ್ತವೆ; ಸಣ್ಣ ಮೊತ್ತಕ್ಕೆ ಚೀಟಿ ಕೊಡುತ್ತವೆ. ಎಲ್ಲರೂ ಒಳಗೆ ಕುಳಿತಿರಬೇಕು, ಎಲ್ಲ ಸಾಮಾನೂ ತುಂಬಿರಬೇಕು. ಮೊದಲು ಮುಂದಿನ ಚಕ್ರಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ತೂಗಿ, ನಂತರ ಇಡೀ ವಾಹನವನ್ನು, ಕೊನೆಗೆ ಹಿಂದಿನ ಚಕ್ರಗಳನ್ನಷ್ಟೇ ತೂಗಿ. ಮೂರು ಅಂಕಿಗಳನ್ನೂ ಫಲಕದ ಅಂಕಿಗಳೊಂದಿಗೆ ಹೋಲಿಸಿ.

ಭಾರ ಹೆಚ್ಚಾಗಿದ್ದರೆ ಮೊದಲು ಇಳಿಸಬೇಕಾದದ್ದು ನೀರು. ದಾರಿಗೆ 20–30 ಲೀಟರ್ ಸಾಕು. ತಂಗುವ ಜಾಗ ತಲುಪಿದ ಮೇಲೆ ತುಂಬಿಸಿಕೊಳ್ಳಬಹುದು. ಬಳಸಿದ ನೀರನ್ನು ಪ್ರತಿ ಬಾರಿ ಹೊರಡುವ ಮೊದಲೇ ಖಾಲಿ ಮಾಡಿ. ನಂತರ ಎಲೆಕ್ಟ್ರಿಕ್ ಸೈಕಲ್‌ಗಳು: ಅವನ್ನು ಮನೆಯಲ್ಲೇ ಬಿಟ್ಟು ಗಾರ್ಡಾದಲ್ಲಿ ಬಾಡಿಗೆಗೆ ಪಡೆಯಿರಿ. ಅಕ್ಕಿ, ಬೇಳೆಯನ್ನು ಹತ್ತು ದಿನಕ್ಕಾಗುವಷ್ಟು ಹೇರುವುದು ಬೇಡ, ದೊಡ್ಡ ಊರುಗಳಲ್ಲಿ ಭಾರತೀಯ ಅಂಗಡಿಗಳಿವೆ. ಊರಿನಿಂದ ಬರುವವರು ತುಪ್ಪ ತರುವಂತಿಲ್ಲ. ಹೊರಗಿನ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತಾಜಾ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು.

ಉಳಿದದ್ದನ್ನು ಜೋಡಿಸುವಾಗ ಭಾರವಾದವು ನೆಲದ ಮಟ್ಟದಲ್ಲಿ, ಎರಡು ಆಕ್ಸಲ್‌ಗಳ ನಡುವೆ ಇರಲಿ. ತಲೆಯ ಮೇಲಿನ ಕಪಾಟುಗಳಲ್ಲಿ ಬಟ್ಟೆ, ಬ್ರೆಡ್‌ನಂತಹ ಹಗುರ ವಸ್ತುಗಳು ಮಾತ್ರ. ಟೈರುಗಳಿಗೆ ಬೇಕಾದ ಗಾಳಿಯ ಒತ್ತಡ ಕಾರಿನದಕ್ಕಿಂತ ಬಹಳ ಹೆಚ್ಚು, ಹಿಂದಿನ ಆಕ್ಸಲ್‌ನಲ್ಲಿ 5 ಬಾರ್ ದಾಟುವುದುಂಟು. ಪೆಟ್ರೋಲ್ ಬಂಕಿನಲ್ಲಿ ಅಂದಾಜಿನ ಮೇಲೆ ತುಂಬಿಸದೆ ಕೈಪಿಡಿ ನೋಡಿ ತುಂಬಿಸಿ.

‘ಸಿ1’ ಲೈಸೆನ್ಸ್ ಇರುವವರು, ಮಿತಿ ಮೀರಿ ಹೇರಿದ 3.5 ಟನ್ನಿನ ವಾಹನಕ್ಕಿಂತ ಪ್ರಾಮಾಣಿಕವಾಗಿ ನೋಂದಣಿಯಾದ 4.5 ಟನ್ನಿನ ವಾಹನವನ್ನೇ ತೆಗೆದುಕೊಳ್ಳಬೇಕು. ಆದರೆ 3,500 ಕೆ.ಜಿ.ಯ ಗೆರೆ ದಾಟಿದೊಡನೆ ರಸ್ತೆಯ ನಿಯಮಗಳು ಬದಲಾಗುತ್ತವೆ. ಜರ್ಮನಿಯ ಆಟೋಬಾನ್ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಬರುತ್ತದೆ, ಲಾರಿಗಳಿಗೆ ಹಾಕಿರುವ ‘ಹಿಂದಿಕ್ಕಬಾರದು’ ಫಲಕ ನಿಮಗೂ ಅನ್ವಯಿಸುತ್ತದೆ. ಫ್ರಾನ್ಸ್‌ನಲ್ಲಿ ವಾಹನದ ಎರಡು ಬದಿ ಮತ್ತು ಹಿಂಭಾಗದಲ್ಲಿ, ಚಾಲಕನಿಗೆ ಕಾಣದ ಮೂಲೆಗಳನ್ನು ಸೂಚಿಸುವ ಎಚ್ಚರಿಕೆ ಚಿತ್ರಗಳನ್ನು ಅಂಟಿಸುವುದು 2021ರಿಂದ ಕಡ್ಡಾಯ.

ಹೆಜ್ಜೆ 4: ಟೋಲ್

ಜರ್ಮನಿಯ ಆಟೋಬಾನ್‌ಗಳಲ್ಲಿ ಮೋಟರ್‌ಹೋಮ್‌ಗೆ ಟೋಲ್ ಇಲ್ಲ. ಆಸ್ಟ್ರಿಯಾದಲ್ಲಿ 3,500 ಕೆ.ಜಿ.ವರೆಗೆ ವಿಗ್ನೆಟ್ ಎಂಬ ಅವಧಿ ಪಾಸ್ ಸಾಕು. ಆದರೆ ಬ್ರೆನ್ನರ್ ಹೆದ್ದಾರಿಗೆ ಬೇರೆಯೇ ಟೋಲ್ ಕಟ್ಟಬೇಕು. 3,500 ಕೆ.ಜಿ.ಗಿಂತ ಭಾರದ ವಾಹನಕ್ಕೆ ವಿಗ್ನೆಟ್ ನಡೆಯುವುದಿಲ್ಲ, ಕಿಲೋಮೀಟರ್ ಲೆಕ್ಕದಲ್ಲಿ ಹಣ ಕಡಿತ ಮಾಡುವ ‘ಗೋ-ಬಾಕ್ಸ್’ ಎಂಬ ಯಂತ್ರವನ್ನು ಗಾಜಿಗೆ ಅಂಟಿಸಬೇಕು. ಸ್ವಿಟ್ಜರ್ಲೆಂಡ್‌ನಲ್ಲಿ ಹಗುರ ವಾಹನಕ್ಕೆ ವರ್ಷದ ವಿಗ್ನೆಟ್ 40 ಫ್ರಾಂಕ್, 3,500 ಕೆ.ಜಿ. ಮೀರಿದ ಮೋಟರ್‌ಹೋಮ್‌ಗೆ ದಿನಕ್ಕೆ 3.25 ಫ್ರಾಂಕ್, ಕನಿಷ್ಠ 25 ಫ್ರಾಂಕ್, ಅದೂ ಹೆದ್ದಾರಿಗಳಿಗಷ್ಟೇ ಅಲ್ಲ, ಎಲ್ಲ ರಸ್ತೆಗಳಿಗೂ. ಫ್ರಾನ್ಸ್‌ನ ಟೋಲ್ ಗೇಟುಗಳಲ್ಲಿ ಎತ್ತರ ಮೂರು ಮೀಟರ್ ಮುಟ್ಟಿದರೆ ಅಥವಾ ತೂಕ 3,500 ಕೆ.ಜಿ. ಮೀರಿದರೆ ದುಬಾರಿ ವರ್ಗಕ್ಕೆ ಸೇರುತ್ತೀರಿ.

ವಿಗ್ನೆಟ್ ಮಾರುವ ಖಾಸಗಿ ಜಾಲತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸಿಕೊಂಡು, ಅದೇ ಪಾಸ್‌ಗೆ ತಮ್ಮ ಕಮಿಷನ್ ಸೇರಿಸಿ ಮಾರುತ್ತವೆ. ಆಸ್ಟ್ರಿಯಾದ ಹೆದ್ದಾರಿ ಸಂಸ್ಥೆ ಆಸ್ಫಿನಾಗ್‌ನ ಸ್ವಂತ ಮಳಿಗೆಯಿಂದಲೋ, ಗಡಿಯ ಬಂಕಿನಿಂದಲೋ ಮಾತ್ರ ಕೊಳ್ಳಿ.

ಹೆಜ್ಜೆ 5: ಓಡಿಸುವ ಅಭ್ಯಾಸ

ವಾಹನದ ಎತ್ತರ, ಅಗಲ, ಉದ್ದವನ್ನು ಮೀಟರುಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ. ಮೊಬೈಲಿನ ಸಾಮಾನ್ಯ ನಕ್ಷೆಗೆ ನಿಮ್ಮ ಎತ್ತರ ಗೊತ್ತಿಲ್ಲ. ತಗ್ಗು ಸೇತುವೆಯ ಕೆಳಗೂ, ಇಕ್ಕಟ್ಟಾದ ಹಳ್ಳಿಯ ಓಣಿಗೂ ಅದು ಕಳುಹಿಸುತ್ತದೆ. ಅಳತೆಗಳನ್ನು ತುಂಬಿಸಲು ಬರುವ ಲಾರಿ ಅಥವಾ ಮೋಟರ್‌ಹೋಮ್ ನ್ಯಾವಿಗೇಷನ್ ಅನ್ನೇ ಬಳಸಿ. ಹಿಂದಿನ ಚಕ್ರಗಳಾಚೆ ಉದ್ದಕ್ಕೆ ಚಾಚಿರುವ ಭಾಗವು, ನೀವು ಎಡಕ್ಕೆ ತಿರುಗಿದಾಗ ಬಲಕ್ಕೆ ಬೀಸುತ್ತದೆ ಎಂಬುದನ್ನು ಖಾಲಿ ಮೈದಾನದಲ್ಲಿ ನೋಡಿ ಕಲಿತುಕೊಳ್ಳಬೇಕು. ಬಂಕಿನ ಕಂಬಗಳಿಗೆ ತಾಗುವುದು ಆ ಭಾಗವೇ. ಹಿಂದಕ್ಕೆ ತೆಗೆಯುವಾಗ ಕ್ಯಾಮೆರಾ ಇದ್ದರೂ ಒಬ್ಬರು ಇಳಿದು ಕನ್ನಡಿಯಲ್ಲಿ ಕಾಣುವಂತೆ ನಿಲ್ಲಲೇಬೇಕು.

ಘಟ್ಟ ಇಳಿಯುವಾಗ ಬ್ರೇಕನ್ನು ಒತ್ತಿಕೊಂಡೇ ಇರಬಾರದು. ಏರಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ವೇಗವನ್ನು ಎಂಜಿನ್ ಹಿಡಿದಿಡಲಿ. ಆಟೊಮ್ಯಾಟಿಕ್ ವಾಹನದಲ್ಲಿ ಕೈಯಿಂದ ಗೇರ್ ಇಳಿಸುವ ಸೌಲಭ್ಯ ಬಳಸಿ. ಇಟಲಿಯ ಸ್ಟೆಲ್ವಿಯೊ ಕಣಿವೆದಾರಿ 2,757 ಮೀಟರ್ ಎತ್ತರದಲ್ಲಿದೆ, ಅದರ ಒಂದೇ ಬದಿಯಲ್ಲಿ 48 ಹಿಮ್ಮುರಿ ತಿರುವುಗಳಿವೆ. ಏಳು ಮೀಟರಿನ ವಾಹನದಲ್ಲಿ ಅಲ್ಲಿಗೆ ಹೋಗಬೇಡಿ. ಗಾರ್ಡಾದಲ್ಲಿಯೂ ಹಳೆಯ ಇಕ್ಕಟ್ಟಾದ ಸುರಂಗಗಳಿರುವ ಪಶ್ಚಿಮ ದಂಡೆಗಿಂತ ಪೂರ್ವ ದಂಡೆಯ ರಸ್ತೆಯೇ ಒಳ್ಳೆಯದು.

ಇಟಲಿಯ ಹಳೆಯ ನಗರಗಳ ಮಧ್ಯಭಾಗ ‘ಝಡ್‌ಟಿಎಲ್’ ಎಂಬ ನಿರ್ಬಂಧಿತ ವಲಯವಾಗಿರುತ್ತದೆ. ಕ್ಯಾಮೆರಾ ನಂಬರ್ ಪ್ಲೇಟ್ ಓದಿ ತಿಂಗಳುಗಳ ನಂತರ ದಂಡದ ನೋಟಿಸ್ ಕಳುಹಿಸುತ್ತದೆ. ಊರ ಹೊರಗೆ ನಿಲ್ಲಿಸಿ ಬಸ್ಸು ಹಿಡಿಯಿರಿ. ಹಿಂದೆ ಸೈಕಲ್ ಕಟ್ಟಿದ್ದರೆ ಇಟಲಿ ಮತ್ತು ಸ್ಪೇನ್‌ನಲ್ಲಿ 50 ಸೆಂ.ಮೀ. ಚೌಕದ ಕೆಂಪು-ಬಿಳಿ ಪಟ್ಟೆಗಳ ಫಲಕ ಕಡ್ಡಾಯ.

ಹೆಜ್ಜೆ 6: ರಾತ್ರಿ ತಂಗುವುದು

ಮೋಟರ್‌ಹೋಮ್‌ಗೆಂದೇ ಇರುವ ನಿಲುಗಡೆ ಜಾಗಗಳನ್ನು ಜರ್ಮನಿಯಲ್ಲಿ ಷ್ಟೆಲ್‌ಪ್ಲಾಟ್ಸ್, ಫ್ರಾನ್ಸ್‌ನಲ್ಲಿ ಏರ್, ಇಟಲಿಯಲ್ಲಿ ಸೋಸ್ತಾ ಎನ್ನುತ್ತಾರೆ. ಜರ್ಮನಿಯಲ್ಲಿ ಸಾಮಾನ್ಯ ಪಾರ್ಕಿಂಗ್‌ನಲ್ಲಿ ದಣಿವಾರಿಸಿಕೊಳ್ಳಲು ಒಂದು ರಾತ್ರಿ ಮಲಗಬಹುದು. ಆದರೆ ಕುರ್ಚಿ ಹೊರಗಿಟ್ಟು ಚಪ್ಪರ ಬಿಚ್ಚಿದರೆ ಅದು ಬಿಡಾರ ಹೂಡಿದಂತೆ, ದಂಡಕ್ಕೆ ಗುರಿಯಾಗಬಹುದು. ಹಿರಿಯರು ಜೊತೆಯಲ್ಲಿದ್ದರೆ ಎರಡು ದಿನಕ್ಕೊಮ್ಮೆಯಾದರೂ ಬಿಸಿನೀರಿನ ಸ್ನಾನಗೃಹವಿರುವ ಕ್ಯಾಂಪಿಂಗ್‌ನಲ್ಲಿ ತಂಗಿ. ಜುಲೈ, ಆಗಸ್ಟ್‌ನಲ್ಲಿ ಗಾರ್ಡಾ ದಂಡೆಗೆ ಮುಂಗಡ ಬುಕಿಂಗ್ ಇಲ್ಲದೆ ಹೋಗಬೇಡಿ.

ಹೆಜ್ಜೆ 7: ನೀರು ಮತ್ತು ಟಾಯ್ಲೆಟ್

ಟಾಯ್ಲೆಟ್‌ನ ಕೆಳಗಿನ ಕ್ಯಾಸೆಟ್ ಹಿಡಿಯುವುದು 20 ಲೀಟರಿನೊಳಗೆ. ಆರು ಜನರಿದ್ದರೆ ದಿನವೂ ಖಾಲಿ ಮಾಡಬೇಕು. ಅದನ್ನು ಅದಕ್ಕೆಂದೇ ಇರುವ ಗುಂಡಿಗೆ ಮಾತ್ರ ಸುರಿಯಬೇಕು, ಪಾತ್ರೆ ತೊಳೆದ ನೀರು ಬಿಡುವ ಜಾಲರಿಗಲ್ಲ, ಚರಂಡಿಗಂತೂ ಅಲ್ಲವೇ ಅಲ್ಲ. ಕ್ಯಾಸೆಟ್ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ತುಂಬಿಸಬೇಡಿ, ಆ ನಲ್ಲಿಗೆ ನಿಮ್ಮ ಪೈಪನ್ನೂ ಸಿಕ್ಕಿಸಬೇಡಿ. ಕುಡಿಯುವ ನೀರಿಗೆ ಬೇರೆ ಪೈಪ್, ಬೇರೆ ಚೀಲ ಇರಲಿ. ತೋಟಕ್ಕೆ ಬಳಸುವ ಅಗ್ಗದ ಪ್ಲಾಸ್ಟಿಕ್ ಪೈಪಿನ ವಾಸನೆ ಟ್ಯಾಂಕಿಗೆ ಹತ್ತಿಕೊಂಡರೆ ಮತ್ತೆ ಬಿಡುವುದಿಲ್ಲ. ಫಾರ್ಮಾಲ್ಡಿಹೈಡ್ ಇರುವ ಟಾಯ್ಲೆಟ್ ದ್ರವ ಸಣ್ಣ ಊರುಗಳ ಕೊಳಚೆ ಶುದ್ಧೀಕರಣ ಘಟಕದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಅದು ಇಲ್ಲದ ದ್ರವವನ್ನೇ ಕೊಳ್ಳಿ.

ಹೆಜ್ಜೆ 8: ಗ್ಯಾಸ್

ಒಂದು ದೇಶದ ಸಿಲಿಂಡರನ್ನು ಇನ್ನೊಂದು ದೇಶದಲ್ಲಿ ಬದಲಿಸಿಕೊಡುವುದಿಲ್ಲ, ಜೋಡಣೆಯ ತಿರುಪುಗಳೂ ಬೇರೆ. ಎರಡು ವಾರದ ಬೇಸಿಗೆ ಪ್ರವಾಸಕ್ಕೆ ಜರ್ಮನಿಯಿಂದಲೇ ಎರಡು ತುಂಬಿದ 11 ಕೆ.ಜಿ. ಸಿಲಿಂಡರ್‌ಗಳೊಂದಿಗೆ ಹೊರಟರೆ ಈ ತೊಂದರೆ ಬಾರದು, ಆದರೆ ಅವುಗಳ ತೂಕವೂ ಲೆಕ್ಕದಲ್ಲಿರಲಿ. ಚಳಿಯಲ್ಲಿ ಹೋಗುವವರು ಪ್ರೊಪೇನ್ ಅನ್ನೇ ಕೇಳಿ. ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನು ನಿಲ್ಲಿಸುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದಿಡಿ. ನೆಲದಲ್ಲಿರುವ ಗಾಳಿಕಿಂಡಿಗಳಿಂದ ಚಳಿ ಬರುತ್ತದೆಂದು ಅವನ್ನು ಬಟ್ಟೆಯಿಂದ ಮುಚ್ಚುವುದು ಪ್ರಾಣಕ್ಕೆ ಅಪಾಯ. ಸೋರಿದ ಗ್ಯಾಸ್ ಹೊರಹೋಗುವ ದಾರಿ ಅದೇ.

ಹೆಜ್ಜೆ 9: ಹಿಂದಿರುಗಿಸುವುದು

ಕ್ಯಾಸೆಟ್ ಮತ್ತು ಬಳಸಿದ ನೀರಿನ ಟ್ಯಾಂಕ್ ಖಾಲಿ ಮಾಡಿ, ಡೀಸೆಲ್ ತುಂಬಿಸಿ, ಒಳಗೆ ಗುಡಿಸಿ ಒರೆಸಿ, ನಾಲ್ಕೂ ಬದಿಯ ಜೊತೆಗೆ ಚಾವಣಿಯ ಅಂಚುಗಳ ಫೋಟೊಗಳನ್ನೂ ತೆಗೆದುಕೊಂಡು, ಠೇವಣಿ ವಾಪಸಾತಿಯ ಪತ್ರಕ್ಕೆ ಇಬ್ಬರ ಸಹಿ ಬಿದ್ದ ಮೇಲಷ್ಟೇ ಕೀಲಿ ಕೊಡಿ.