ಹೋಗಿ ಬರ್ಲಿಕ್ಕೆ ಡೀಸೆಲ್ ಸಾಕಾಗ್ತದಾ? ನಮ್ಮ ಗೇಮ್‌ನ ಮ್ಯಾಪ್ ಸರಿಮಾಡಿದ ಕತೆ

ನಾನೂ ನನ್ನ ಗೆಳೆಯನೂ ಸೇರಿ ಎರಡು ವರ್ಷದಿಂದ ಒಂದು ಗೇಮ್ ಮಾಡುತ್ತಿದ್ದೇವೆ. ಹಗಲು ಮಣಿಪಾಲದಲ್ಲಿ ಕೆಲಸ, ರಾತ್ರಿ ಗೇಮ್. ಬಾಹ್ಯಾಕಾಶದಲ್ಲಿ ವ್ಯಾಪಾರ ಮಾಡುವ ಆಟ ಅದು. ಒಂದು ನಕ್ಷತ್ರದಲ್ಲಿ ಅಗ್ಗಕ್ಕೆ ಸರಕು ತುಂಬಿಸಬೇಕು, ಇನ್ನೊಂದರಲ್ಲಿ ಜಾಸ್ತಿಗೆ ಮಾರಬೇಕು. ಒಟ್ಟು 412 ನಕ್ಷತ್ರಗಳು. ಗೇಮ್ ಮಾಡುವ ತಂತ್ರಾಂಶವಾದ ಗೋಡೋ ಎಂಜಿನ್‌ನಲ್ಲಿ ಬರೆದದ್ದು. ಮ್ಯಾಪ್ ನನ್ನ ಪಾಲಿಗೆ ಬಂದಿತ್ತು.

ಮೊದಲು ಮಾಡಿದ್ದು ತ್ರೀಡಿ ಮ್ಯಾಪ್. ಮೌಸ್ ಹಿಡಿದು ತಿರುಗಿಸಿದರೆ ಇಡೀ ಗೆಲಾಕ್ಸಿ ತಿರುಗುತ್ತಿತ್ತು. ಅದನ್ನು ನೋಡಿಕೊಂಡೇ ನಾನು ಅರ್ಧ ಗಂಟೆ ಕೂತದ್ದುಂಟು. ಆಡಲು ಕೊಟ್ಟಾಗ ಮರ್ಯಾದೆ ಹೋಯಿತು. ಯಾವ ನಕ್ಷತ್ರ ಹತ್ತಿರ, ಯಾವುದು ದೂರ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪರದೆಯಲ್ಲಿ ಅಂಟಿಕೊಂಡ ಹಾಗೆ ಕಾಣುವ ಎರಡು ಚುಕ್ಕೆಗಳ ನಡುವೆ 30 ಜ್ಯೋತಿರ್ವರ್ಷ ಇರುತ್ತಿತ್ತು. ಒಬ್ಬಳಂತೂ ಮ್ಯಾಪ್ ತೋರಿಸಿದ ದಾರಿಯಲ್ಲೇ ಹೋಗಿ, ನಡುವೆ ಇಂಧನ ಮುಗಿದು, ಸರಕಿನ ಜೊತೆ ಅಲ್ಲೇ ನಿಂತುಬಿಟ್ಟಳು. "ದಾರಿ ತೋರಿಸಿದ್ದು ನಿಮ್ಮ ಮ್ಯಾಪೇ ಅಲ್ವಾ?" ಅಂತ ಕೇಳಿದಳು. ಹೌದು, ನಮ್ಮ ಮ್ಯಾಪೇ.

ಅಷ್ಟರಲ್ಲಿ ಜೂನ್ ಬಂತು. ನನ್ನ ಮಾವ ಮಲ್ಪೆಯಲ್ಲಿ ಟ್ರಾಲ್ ಬೋಟಿನ ತಂಡೇಲ, ಅಂದರೆ ಬೋಟು ನಡೆಸುವವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಮಾವ ಮನೆಯಲ್ಲೇ ಇದ್ದರು. ಒಂದು ಸಂಜೆ ಮಳೆಗೆ ಹೊರಗೆ ಹೋಗಲಾಗದೆ ನನ್ನ ಪಕ್ಕ ಬಂದು ಕೂತರು. ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು. ಮಾತು ತುಳುವಿನಲ್ಲಿ, ಕನ್ನಡದಲ್ಲಿ ಹೇಳಿದರೆ ಹೀಗೆ: "ಇಷ್ಟೆಲ್ಲ ಚುಕ್ಕೆ ಯಾಕೆ ಮಾರಾಯ? ಹೋಗಿ ಬರ್ಲಿಕ್ಕೆ ಡೀಸೆಲ್ ಸಾಕಾಗ್ತದಾ ಅಂತ ಎಲ್ಲಿ ನೋಡುವುದು?"

ಅವರ ಬೋಟಿನ ಜಿಪಿಎಸ್ ಪರದೆ ನಾನು ನೋಡಿದ್ದೇನೆ. ಅದರಲ್ಲಿ ಇರುವುದು ಸ್ವಲ್ಪವೇ. ಬಲೆ ಸಿಕ್ಕಿ ಹರಿಯುವ ಬಂಡೆ, ಮೀನು ಸಿಕ್ಕಿದ ಪಾಯಿಂಟ್, ಬಂದರಿನ ಬಾಯಿ. ಕಡಲಿನಲ್ಲಿ ಏನೇನಿದೆ ಅಂತ ತೋರಿಸುವ ಉಸಾಬರಿಗೆ ಅದು ಹೋಗುವುದಿಲ್ಲ.

ಮರುದಿನವೇ ತ್ರೀಡಿ ತೆಗೆದೆ. ಗೆಳೆಯ ಎರಡು ದಿನ ಮಾತಾಡಲಿಲ್ಲ. ಆದರೆ ಈ ಜಾತಿಯ ಆಟಗಳ ಹಿರಿಯಜ್ಜ ಎಲೀಟ್ ನೋಡಿ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಮಾಡಿದ ಆಟ. ಎಂಟು ಗೆಲಾಕ್ಸಿ, ಒಂದೊಂದರಲ್ಲಿ 256 ಗ್ರಹವ್ಯವಸ್ಥೆ. ಮ್ಯಾಪ್ ಚಪ್ಪಟೆ. ನೀವಿರುವ ಜಾಗದ ಸುತ್ತ ಒಂದು ವೃತ್ತ, ಈಗಿರುವ ಇಂಧನದಲ್ಲಿ ಎಲ್ಲಿವರೆಗೆ ಹೋಗಬಹುದು ಅಂತ. ಮಾವನ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಅಲ್ಲಿತ್ತು.

ನಮಗೆ ಬರೀ ವೃತ್ತ ಸಾಲುತ್ತಿರಲಿಲ್ಲ. ನಮ್ಮ ಆಟದಲ್ಲಿ ಒಂದು ಜಂಪ್ ಹೆಚ್ಚೆಂದರೆ 10 ಜ್ಯೋತಿರ್ವರ್ಷ. ಇಂಧನದ ಖರ್ಚು ದೂರದ ವರ್ಗಕ್ಕೆ (ದೂರವನ್ನು ದೂರದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. 10 ಜ್ಯೋತಿರ್ವರ್ಷವನ್ನು ಒಂದೇ ಸಲ ಹಾರಿದರೆ 10 ಯೂನಿಟ್, ಐದೈದರ ಎರಡು ಜಂಪ್ ಆದರೆ ಒಂದೊಂದಕ್ಕೆ ಎರಡೂವರೆ, ಅದನ್ನು ಪೂರ್ತಿ ಅಂಕೆಗೆ ಏರಿಸಿ ಮೂರು ಮತ್ತು ಮೂರು, ಬರೀ 6. ಅಂದರೆ ನಡುವೆ ಇಳಿದು ಹೋಗುವುದೇ ಲಾಭ. ಆದರೆ ಎಲ್ಲ ಕಡೆ ಪಂಪ್ ಇಲ್ಲ. ಟ್ಯಾಂಕಿಗೆ ಹಿಡಿಯುವುದು 20 ಯೂನಿಟ್.

ಗೋಡೋದಲ್ಲಿ ದಾರಿ ಹುಡುಕಲು ಎ-ಸ್ಟಾರ್ ಅನ್ನುವ ಲೆಕ್ಕದ ವಿಧಾನ ರೆಡಿಮೇಡ್ ಇದೆ. ಮೊದಲು ಅದನ್ನೇ ಹಾಕಿದ್ದೆ, ಆ ಹುಡುಗಿಯನ್ನು ನಡುದಾರಿಯಲ್ಲಿ ಬಿಟ್ಟದ್ದೂ ಅದೇ. ತಪ್ಪು ಅದರದ್ದಲ್ಲ. ಅದಕ್ಕೆ ಗೊತ್ತಿರುವುದು ದೂರ ಮಾತ್ರ, ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಅಂತ ಗೊತ್ತಿಲ್ಲ. ಹಾಗಾಗಿ ಲೆಕ್ಕವನ್ನೇ ಬದಲಿಸಿದೆ. "ಈ ನಕ್ಷತ್ರದಲ್ಲಿದ್ದೇನೆ" ಅನ್ನುವ ಬದಲು "ಈ ನಕ್ಷತ್ರದಲ್ಲಿ, ಟ್ಯಾಂಕಿನಲ್ಲಿ 7 ಯೂನಿಟ್ ಇಟ್ಟುಕೊಂಡು ಇದ್ದೇನೆ" ಅಂತ ಲೆಕ್ಕಕ್ಕೆ ತೆಗೆದುಕೊಂಡೆ. ಸೊನ್ನೆಯಿಂದ 20ರವರೆಗೆ 21 ಮಟ್ಟ. 412ರ 21 ಪಟ್ಟು, 8,652 ಸ್ಥಿತಿಗಳು. ಪಂಪ್ ಇರುವ ಕಡೆ ಟ್ಯಾಂಕ್ ಪೂರ್ತಿ ತುಂಬಿದ ಸ್ಥಿತಿಗೆ ಒಂದು ಪುಕ್ಕಟೆ ದಾರಿ. ಇದರ ಮೇಲೆ ಅತಿ ಕಡಿಮೆ ಖರ್ಚಿನ ದಾರಿ ಹುಡುಕುವ ಇನ್ನೊಂದು ವಿಧಾನ, ಡೈಕ್‌ಸ್ಟ್ರಾ ಓಡಿಸಿದರೆ ಇಂಧನ ಮುಗಿಯುವ ದಾರಿ ಹುಟ್ಟುವುದೇ ಇಲ್ಲ.

ಎ-ಸ್ಟಾರ್ ಬಿಟ್ಟು ಹಳೆಯ ಡೈಕ್‌ಸ್ಟ್ರಾ ಯಾಕೆ ಅಂತ ಗೆಳೆಯ ಕೇಳಿದ. ಎ-ಸ್ಟಾರ್ ಒಂದು ಗುರಿ ಇಟ್ಟುಕೊಂಡು ಆ ಕಡೆಗೆ ಓಡುತ್ತದೆ. ನನಗೆ ಬೇಕಿದ್ದದ್ದು ಇಡೀ ಮ್ಯಾಪಿಗೆ ಬಣ್ಣ ಹಚ್ಚುವುದು, ಅಂದರೆ 412ಕ್ಕೂ ಉತ್ತರ. ಡೈಕ್‌ಸ್ಟ್ರಾ ಒಂದೇ ಓಟದಲ್ಲಿ ಎಲ್ಲದಕ್ಕೂ ಉತ್ತರ ಕೊಡುತ್ತದೆ.

"ಬರ್ಲಿಕ್ಕೆ" ಅನ್ನುವ ಭಾಗ ಬೇರೆ. ಗೇಮ್ ಶುರುವಾಗುವಾಗ ಎಲ್ಲ ಪಂಪ್‌ಗಳಿಂದ ಒಟ್ಟಿಗೆ ಹೊರಟು, ಪ್ರತಿ ನಕ್ಷತ್ರದಿಂದ ಹತ್ತಿರದ ಪಂಪ್ ಮುಟ್ಟಲು ಕನಿಷ್ಠ ಎಷ್ಟು ಇಂಧನ ಬೇಕು ಅಂತ ಲೆಕ್ಕ ಹಾಕಿ ಇಡುತ್ತೇನೆ. ತಲುಪಿದಾಗ ಅಷ್ಟು ಉಳಿಯುತ್ತದಾದರೆ ಚುಕ್ಕೆ ನೀಲಿ. ತಲುಪಬಹುದು, ಆದರೆ ಅಲ್ಲೇ ಸಿಕ್ಕಿಬೀಳುತ್ತೀರಿ ಅಂತಾದರೆ ಕಿತ್ತಳೆ ತ್ರಿಕೋನ. ಉಳಿದದ್ದೆಲ್ಲ ಬೂದು. ಮೊದಲು ಹಸಿರು-ಕೆಂಪು ಹಾಕಿದ್ದೆ. ಗೆಳೆಯನಿಗೆ ಅವೆರಡೂ ಒಂದೇ ಹಾಗೆ ಕಾಣುತ್ತವೆ ಅಂತ ಆಗಲೇ ನನಗೆ ಗೊತ್ತಾದದ್ದು. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ!

ನಿಧಾನವಾಗುತ್ತಿತ್ತು, ಅದು ಇನ್ನೊಂದು ಗೋಳು. ಮ್ಯಾಪ್ ತೆರೆದಾಗಲೆಲ್ಲ 84,666 ಜೋಡಿಗಳ ದೂರ ಲೆಕ್ಕ ಹಾಕುತ್ತಿದ್ದೆ. ನಕ್ಷತ್ರಗಳೇನು ಓಡಾಡುತ್ತವಾ? ಒಂದು ಸಲ ಹಾಕಿ ಇಟ್ಟರೆ ಸಾಕಿತ್ತು. ಗೋಡೋದ ಭಾಷೆ ಜಿಡಿಸ್ಕ್ರಿಪ್ಟ್‌ನಲ್ಲಿ ಪ್ರಯಾರಿಟಿ ಕ್ಯೂ, ಅಂದರೆ ಕಡಿಮೆ ಖರ್ಚಿನದ್ದನ್ನು ಮೊದಲು ಕೊಡುವ ಸಾಲು, ತಯಾರಾಗಿ ಸಿಗುವುದಿಲ್ಲ. ಪ್ರತಿ ಸಲ ಪಟ್ಟಿಯನ್ನೇ ಸಾರ್ಟ್ ಮಾಡುತ್ತಿದ್ದೆ. ಆ ಕೆಲಸವನ್ನು ಬೇಗ ಮಾಡುವ ಬೈನರಿ ಹೀಪ್ ನಾನೇ ಬರೆದ ಮೇಲೆ ಮ್ಯಾಪ್ ತಡವರಿಸುವುದು ನಿಂತಿತು.

ಹೆಸರುಗಳದ್ದು ಬಸ್ಸಿನ ಬೋರ್ಡಿನಿಂದ ಕಲಿತದ್ದು. ಉಡುಪಿಯಿಂದ ಮಂಗಳೂರಿಗೆ ಹೋಗುವ ಬಸ್ಸಿನಲ್ಲಿ ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್ ಅಂತ ಬರೆದಿರುತ್ತದೆ. ನಡುವಿನ ಸಣ್ಣ ಸ್ಟಾಪ್‌ಗಳಿಗೆ ಬೋರ್ಡಿನಲ್ಲಿ ಜಾಗ ಇಲ್ಲ, ಅಲ್ಲಿ ಇಳಿಯುವವರಿಗೆ ಹೇಗೂ ಗೊತ್ತಿರುತ್ತದೆ. ದೊಡ್ಡ ಮಾರುಕಟ್ಟೆಯಿಂದ ಸಣ್ಣದಕ್ಕೆ ಸಾಲಾಗಿ ಹೆಸರು ಇಡುತ್ತಾ ಹೋಗುತ್ತೇನೆ. ಮೊದಲೇ ಕೂತ ಹೆಸರಿಗೆ ತಾಗುತ್ತದಾದರೆ ಅದನ್ನು ಬಿಡುವುದು. ಝೂಮ್ ಮಾಡಿದರೆ ಜಾಗ ಆಗಿ ಅದೂ ಬರುತ್ತದೆ. ಝೂಮ್ ಅಂದಾಗ ನೆನಪಾಯಿತು: ಪರದೆಯ ನಡುವಿಗೆ ಝೂಮ್ ಮಾಡಬೇಡಿ. ಮೌಸ್ ತುದಿಯ ಕೆಳಗೆ ಯಾವ ಜಾಗ ಇತ್ತೋ ಝೂಮ್ ಆದ ಮೇಲೂ ಅಲ್ಲಿ ಅದೇ ಇರುವ ಹಾಗೆ ಮ್ಯಾಪನ್ನು ಸರಿಸಬೇಕು. ನಾಲ್ಕು ಸಾಲಿನ ಕೆಲಸ. ಜನ ಅತಿ ಹೆಚ್ಚು ಖುಷಿಪಟ್ಟದ್ದು ಇದಕ್ಕೇ, ನನ್ನ 8,652 ಸ್ಥಿತಿಗಳನ್ನು ಯಾರೂ ಕೇಳಲಿಲ್ಲ.

ಬೆಲೆಯನ್ನೂ ಮ್ಯಾಪಿನಲ್ಲೇ ತೋರಿಸುತ್ತೇವೆ, ಆದರೆ ನೀವು ಕೊನೆಯ ಸಲ ಅಲ್ಲಿಗೆ ಹೋದಾಗ ಇದ್ದ ಬೆಲೆ. ದಿನ ಕಳೆದಂತೆ ಅಂಕೆ ಮಸುಕಾಗುತ್ತದೆ. ಮೀನು ಇಳಿಸುವ ದಕ್ಕೆಯಲ್ಲಿ ಬೆಳಗ್ಗಿನ ಬಂಗುಡೆ ರೇಟು ಸಂಜೆಗೆ ಇರುವುದಿಲ್ಲವಲ್ಲ, ಹಾಗೆ.

ಹಲವು ನಕ್ಷತ್ರಗಳನ್ನು ಸುತ್ತಿ ಬರುವ ದಾರಿಯನ್ನೂ ಮ್ಯಾಪೇ ಹೇಳಲಿ ಅಂತ ಹೊರಟಿದ್ದೆ. ಎಂಟು ನಕ್ಷತ್ರಕ್ಕೆ 40,320 ಕ್ರಮಗಳು, ಕಂಪ್ಯೂಟರಿಗೆ ಅದು ಲೆಕ್ಕವೇ ಅಲ್ಲ. ಆಡಿದವರಿಗೆ ಇಷ್ಟವಾಗಲಿಲ್ಲ. ಮ್ಯಾಪೇ ವ್ಯಾಪಾರ ಮಾಡುತ್ತದಾದರೆ ನಾವ್ಯಾಕೆ ಅಂದರು. ತೆಗೆದೆ. ಈಗ ಹೆಸರುಗಳನ್ನು ಎಳೆದು ಮೇಲೆ ಕೆಳಗೆ ಮಾಡುವ ಪಟ್ಟಿ ಇದೆ. ಕ್ರಮ ನಿಮ್ಮದು, ಇಂಧನ ಸಾಲದಿದ್ದರೆ ಆ ಸಾಲು ಕಿತ್ತಳೆಯಾಗುತ್ತದೆ. ಎಳೆದು ಬಿಟ್ಟ ಕೂಡಲೇ ಆಗಬೇಕು, ಒಂದು ಕ್ಷಣ ತಡವಾಗಿ ಆಗುತ್ತಿದೆ. ಈ ವಾರ ಅದರ ಹಿಂದೆ ಬಿದ್ದಿದ್ದೇನೆ.