ಎಲ್ಲರೂ ಬೇಡ ಅಂದ ಕ್ಯಾನನ್ 6ಡಿ ಮಾರ್ಕ್ 2 ಕ್ಯಾಮೆರಾದಲ್ಲಿ ಶಟಲ್ ಮ್ಯಾಚ್ ಹಿಡಿದೆ: ನನ್ನ ಅನುಭವ

ಬಳ್ಳಾರಿಯಲ್ಲಿ ಮದುವೆ ಫೋಟೋ ತೆಗೆಯುವವನು ನಾನು. ಮುಹೂರ್ತ ಇದ್ದಾಗ ಕೆಲಸ, ಇಲ್ಲದಾಗ ಪಾಸ್‌ಪೋರ್ಟ್ ಸೈಜು. ಆಷಾಢದಲ್ಲಿ ಅಂಗಡಿ ಬಾಡಿಗೆ ಹುಟ್ಟುವುದೇ ಕಷ್ಟ. ಹಂಗಿದ್ದಾಗ ಮಗಳು ಶಟಲ್ ಕಲಿಯೋಕೆ ಸೇರಿದಳು. ಸಂಜೆ ಬಿಡೋಕೆ ಹೋದವನು ನೋಡಿದೆ: ಹಾಲ್ ತುಂಬಾ ಮಕ್ಕಳು, ಗೋಡೆಗೆ ಒರಗಿ ನಿಂತ ಅಪ್ಪ ಅಮ್ಮಂದಿರು, ಎಲ್ಲರ ಕೈಯಲ್ಲೂ ಮೊಬೈಲು. ಒಂದು ಫೋಟೋನೂ ನೆಟ್ಟಗಿಲ್ಲ. ಮುಖ ಅಲ್ಲಾಡಿದೆ, ರ‍್ಯಾಕೆಟ್ ಮಾಯ, ಶಟಲ್ ಅಂತೂ ಬರೀ ಬಿಳಿ ಗೀರು. ಇಲ್ಲಿ ದುಡ್ಡಿದೆ ಅಂತ ಅವತ್ತೇ ಅನ್ನಿಸಿತು. ಅದು ಕೈಗೆ ಬರೋಕೆ ಎರಡೂವರೆ ವರ್ಷ ಆಯ್ತು.

ಆಗ ನನ್ನ ಹತ್ತಿರ ಇದ್ದಿದ್ದು ಕ್ಯಾನನ್ 1500ಡಿ. ಜೊತೆಗೆ ಬಂದ 18-55 ಮತ್ತು 55-250 ಲೆನ್ಸ್ (ನಂಬರ್ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ). ಮದುವೆಗೆ ಅದೇ ಸಾಕಾಗಿತ್ತು, ಫ್ಲ್ಯಾಶ್ ಇತ್ತಲ್ಲ. ಶಟಲ್‌ಗೆ ಫ್ಲ್ಯಾಶ್ ನಡೆಯಲ್ಲ, ಆಡುವವರ ಕಣ್ಣು ಕೋರೈಸುತ್ತೆ. ಮೊದಲ ದಿನ ಮರೆತು ಒಂದು ಸಲ ಹೊಡೆದೆ. ಕೋಚ್ ನೇರ ಬಂದರು. "ಅಣ್ಣಾ, ಇನ್ನೊಂದ್ ಸಲ ಹೊಡದ್ರೆ ಹೊರಗೆ ನಿಂದ್ರಬೇಕಾಗ್ತದ ನೋಡ್ರಿ" ಅಂದರು. ಮಗಳು ನನ್ನ ಕಡೆ ನೋಡಲೇ ಇಲ್ಲ.

ಫ್ಲ್ಯಾಶ್ ಬಿಟ್ಟು ತೆಗೆದರೆ ಏನು ಕಥೆ? ಲೆನ್ಸ್ ಎಳೆದರೆ ಎಫ್ 5.6 (ಎಫ್ ನಂಬರ್ ಸಣ್ಣದಾದಷ್ಟೂ ಒಳಗೆ ಬರೋ ಬೆಳಕು ಜಾಸ್ತಿ). ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನೋದು, 6400. ಆ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ) ಅದಕ್ಕಿಂತ ಮೇಲೆ ಹೋಗೋದು ಸುಮ್ನೆ. ಶಟರ್ ವೇಗ 1/125 ಸೆಕೆಂಡ್ ದಾಟಲಿಲ್ಲ, ಓಡಾಡುವವರನ್ನ ಹಿಡಿಯೋಕೆ ಅದು ಸಾಲದು. ಮೊದಲ ತಿಂಗಳು ಎರಡು ಸಾವಿರ ಫೋಟೋ ತೆಗೆದಿರಬೇಕು. ಉಳಿದಿದ್ದು ಸರ್ವಿಸ್ ಮಾಡೋಕೆ ಮುಂಚೆ ಮಕ್ಕಳು ಸುಮ್ಮನೆ ನಿಂತಿರೋ ಫೋಟೋಗಳು. ಅದಕ್ಕೆ ಯಾರು ದುಡ್ಡು ಕೊಡ್ತಾರೆ?

ಆಮೇಲೆ ಹೊಸಪೇಟೆಯ ಗೆಳೆಯನಿಂದ 70-200 ಎಫ್ 2.8 ಲೆನ್ಸ್ ಬಾಡಿಗೆಗೆ ತಂದೆ. ದಿನಕ್ಕೆ 1200. ಶಟರ್ 1/500ಕ್ಕೆ ಬಂತು. ಜಿಗಿದವನು ಮೇಲೆ ಒಂದು ಕ್ಷಣ ನಿಲ್ಲುತ್ತಾನಲ್ಲ, ಅದು ಸಿಕ್ಕಿತು. ಆದರೆ ಮಣಿಕಟ್ಟು, ರ‍್ಯಾಕೆಟ್ ತಲೆ ಇನ್ನೂ ಕಲಸಿಕೊಂಡೇ ಇದ್ದವು. ಎರಡು ದಿನದ ಬಾಡಿಗೆ 2400, ಫೋಟೋ ಮಾರಿ ಬಂದಿದ್ದು 1800. ಹೆಗಲು ನೋವು ಪುಕ್ಕಟೆ.

ಲೆಕ್ಕ ಕೂತು ಹಾಕಿದೆ. ಎಫ್ 5.6ರಿಂದ ಎಫ್ 1.8ಕ್ಕೆ ಬಂದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಯಾವ ಹೊಸ ಬಾಡಿನೂ ಅಷ್ಟು ಕೊಡಲ್ಲ. ಬಾಡಿ ಆಮೇಲೆ, ಮೊದಲು ಲೆನ್ಸ್ ಅಂತ ತೀರ್ಮಾನ ಮಾಡಿದೆ. ಸೆಕೆಂಡ್ ಹ್ಯಾಂಡ್ 85 ಎಫ್ 1.8 ಲೆನ್ಸ್ ತಗೊಂಡೆ, ಇಪ್ಪತ್ತೊಂದು ಸಾವಿರ ಇರಬೇಕು. ಎಫ್ 2ಕ್ಕೆ ಇಟ್ಟರೆ 1/1000 ಸಿಕ್ಕಿತು. ಶಟಲ್‌ನ ಗರಿ ಎಣಿಸಬಹುದು! ಆ ರಾತ್ರಿ ಮನೆಯವಳನ್ನ ಎಬ್ಬಿಸಿ ತೋರಿಸಿದೆ. "ಚೆನ್ನಾಗಿದೆ, ಆದ್ರೆ ಇದ್ಯಾಕ್ರೀ ಒಂದು ಹಳದಿ ಒಂದು ಬಿಳಿ?" ಅಂದಳು.

ಅಲ್ಲಿ ಸಿಕ್ಕಿಬಿದ್ದೆ. ಒಂದೇ ಸೆಟ್ಟಿಂಗು, ಒಂದೇ ಜಾಗ, ಸಾಲಾಗಿ ತೆಗೆದ ಹತ್ತು ಫೋಟೋ. ನಾಲ್ಕು ಸರಿ. ಮೂರು ಕಪ್ಪು. ಉಳಿದವು ಮೇಲರ್ಧ ಬೆಳಕು, ಕೆಳಗರ್ಧ ಜಾಂಡೀಸ್ ಆದವರ ಬಣ್ಣ. ಶಟರ್ ಕೆಟ್ಟಿದೆ ಅಂದುಕೊಂಡೆ. ರಿಪೇರಿಯವನೊಬ್ಬ ಹೌದು ಅಂದ, ಬಿಚ್ಚಿ ಮುಚ್ಚಿ 3500 ಇಸ್ಕೊಂಡ. ಏನೂ ಬದಲಾಗಲಿಲ್ಲ. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಬಿಡಿಸಿ ಹೇಳಿದ್ದು ಹಾಲ್‌ನ ಎಲೆಕ್ಟ್ರಿಷಿಯನ್. ನಮ್ಮ ಕರೆಂಟು 50 ಹರ್ಟ್ಜ್, ಹಾಗಾಗಿ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಂಕಾಗಿ ಹೊಳೆಯುತ್ತವೆ. 1/125ರಲ್ಲಿ ಒಂದು ಸುತ್ತು ಹೆಚ್ಚುಕಮ್ಮಿ ಪೂರ್ತಿ ಒಳಗೆ ಬರ್ತಿತ್ತು, ಹಾಗಾಗಿ ಗೊತ್ತೇ ಆಗಿರಲಿಲ್ಲ. 1/1000ಕ್ಕೆ ಹೋದಾಗ ಅದರ ಹತ್ತನೇ ಒಂದು ಭಾಗ ಮಾತ್ರ ಸಿಗುತ್ತೆ. ಏರಿನಲ್ಲಿ ಸಿಕ್ಕರೆ ಬೆಳಕು, ಇಳಿತದಲ್ಲಿ ಸಿಕ್ಕರೆ ಕತ್ತಲು. ಲೆನ್ಸ್ ಸರಿಮಾಡಿದ್ದಕ್ಕೇ ಈ ದೆವ್ವ ಎದ್ದು ಕೂತಿದ್ದು.

ನಿಮ್ಮ ಊರಿನ ಹಾಲ್ ಹೇಗಿದೆ ನೋಡಬೇಕಾ? ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಹಾಕಿ ಲೈಟ್ ಕಡೆ ಹಿಡಿಯಿರಿ. ಮಿಣಿಮಿಣಿ ಅಂದರೆ ಆ ಹಾಲ್ ನನ್ನ ಹಾಲ್‌ನಂಥದ್ದೇ. ಒಳ್ಳೆ ಡ್ರೈವರ್ (ಒಳಗೆ ಕರೆಂಟು ಹದ ಮಾಡುವ ಭಾಗ) ಇರುವ ಎಲ್‌ಇಡಿ ಆದರೆ ಸುಮ್ಮನೆ ಉರಿಯುತ್ತೆ. ನಮ್ಮಲ್ಲಿ ಇನ್ನೊಂದು ಮಜಾ ಕಂಡಿತು. ಕೋರ್ಟ್ 1ರ ಲೈಟೆಲ್ಲ ಒಂದೇ ಫೇಸ್ ಮೇಲೆ ಇದ್ದವು, ಕೋರ್ಟ್ 3ರವು ಮೂರು ಫೇಸಿಗೆ ಹಂಚಿದ್ದವು. ಮೂರೂ ಒಟ್ಟಿಗೆ ಇಳಿಯಲ್ಲವಲ್ಲ, ಒಂದರ ತಗ್ಗನ್ನು ಇನ್ನೊಂದು ತುಂಬುತ್ತೆ. ಒಂದು ಆರು ತಿಂಗಳು ಕೋರ್ಟ್ 3 ಬಿಟ್ಟು ಕದಲಲಿಲ್ಲ ನಾನು. "ಮಗಳು ಒಂದರಲ್ಲಿ ಆಡಿದ್ರೆ ಅಪ್ಪ ಮೂರರಲ್ಲಿ ಇರ್ತಾನ" ಅಂತ ಹಾಲ್‌ನಲ್ಲಿ ನಗುತ್ತಿದ್ದರು.

ಈ ಹೊತ್ತಿಗೆ ಎಲ್ಲರೂ ಸಲಹೆ ಕೊಡೋಕೆ ಶುರುಮಾಡಿದ್ದರು. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ತಗೋ, ಇಎಂಐ ಮಾಡು. ಗೆಳೆಯನೊಬ್ಬ ಒಂದೂಮುಕ್ಕಾಲು ಲಕ್ಷದ್ದು ಕೊಂಡಿದ್ದ, ಒಂದು ಭಾನುವಾರ ಇಸ್ಕೊಂಡು ಹೋದೆ. ಕಣ್ಣು ಹುಡುಕಿ ಫೋಕಸ್ ಮಾಡುತ್ತೆ ರೀ, ದೃಷ್ಟಿ ತಾಗಬೇಕು ಅಷ್ಟು ಚೆಂದ. ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್, ಅಂದರೆ ಸೈಲೆಂಟ್ ಶಟರ್‌ನಲ್ಲಿ ಸರಸರ ತೆಗೆದೆ. ಮನೆಗೆ ಬಂದು ನೋಡಿದರೆ ಎಲ್ಲ ಫೋಟೋದಲ್ಲೂ ಇಳಕಲ್ ಸೀರೆ ಹಾಗೆ ಪಟ್ಟೆ ಪಟ್ಟೆ. ಸೆನ್ಸರ್ ಸಾಲು ಸಾಲಾಗಿ ಓದುವಷ್ಟರಲ್ಲಿ ಲೈಟು ಏರಿಳಿದಿರುತ್ತೆ. ತಪ್ಪು ಕ್ಯಾಮೆರಾದ್ದಲ್ಲ, ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್‌ಗೆ ಹಾಕಬೇಕಿತ್ತು. ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ದುಡ್ಡಿದ್ದವರು ಮಿರರ್‌ಲೆಸ್ಸೇ ತಗೊಳ್ಳಿ, ನಾನೇನು ಬೇಡ ಅನ್ನಲ್ಲ. ನನ್ನ ಹತ್ತಿರ ಇರಲಿಲ್ಲ, ಅಷ್ಟೇ.

ನನಗೆ ಬೇಕಾಗಿದ್ದು ಮೂರೇ. ಫುಲ್ ಫ್ರೇಮ್ (ಹಳೇ ಫಿಲ್ಮ್ ಅಳತೆಯ ದೊಡ್ಡ ಸೆನ್ಸರ್) ಇರಬೇಕು, ಏಕೆಂದರೆ 1500ಡಿ ಸೆನ್ಸರ್‌ಗಿಂತ ಅದು ಎರಡೂವರೆ ಪಟ್ಟು ದೊಡ್ಡದು, 6400ರಲ್ಲಿ ಮುಖ ಮುಖದ ಹಾಗೆ ಇರುತ್ತೆ. ಇರುವ 85 ಅದಕ್ಕೆ ಕೂರಬೇಕು. ಮೂರನೆಯದು ಆ್ಯಂಟಿ ಫ್ಲಿಕರ್. ಕ್ಯಾಮೆರಾ ಲೈಟಿನ ಏರಿಳಿತ ನೋಡಿಕೊಂಡು ಏರಿನ ಹೊತ್ತಿಗೇ ಶಟರ್ ಬಿಡುತ್ತೆ. ಅಗ್ಗಕ್ಕೆ ಸಿಗುವ ಕ್ಯಾನನ್ 6ಡಿಯಲ್ಲಿ ಅದಿಲ್ಲ. 5ಡಿ ಮಾರ್ಕ್ 3ರಲ್ಲೂ ಇಲ್ಲ. 7ಡಿ ಮಾರ್ಕ್ 2ರಲ್ಲಿ ಇದೆ, ಸೆಕೆಂಡಿಗೆ 10 ಫೋಟೋ ಬೇರೆ, ಆದರೆ ಸೆನ್ಸರ್ ಸಣ್ಣದು. 5ಡಿ ಮಾರ್ಕ್ 4ರಲ್ಲಿ ಎಲ್ಲ ಇದೆ, ನನ್ನ ಜೇಬಿನಲ್ಲಿ ಏನೂ ಇಲ್ಲ. ಉಳಿದಿದ್ದು 6ಡಿ ಮಾರ್ಕ್ 2.

2017ರ ಕ್ಯಾಮೆರಾ. ಬಂದಾಗಿನಿಂದ ಎಲ್ಲರ ಹತ್ತಿರ ಬೈಸಿಕೊಂಡಿದ್ದೇ ಬೈಸಿಕೊಂಡಿದ್ದು. ಕತ್ತಲೆ ಭಾಗವನ್ನ ಆಮೇಲೆ ಬೆಳಕು ಮಾಡಿದರೆ ನಾಯ್ಸ್ (ಚುಕ್ಕೆ ಚುಕ್ಕೆ) ಬರುತ್ತೆ, ಫೋಕಸ್ ಪಾಯಿಂಟೆಲ್ಲ ನಡುವೆ ಗುಂಪುಗೂಡಿವೆ, 4ಕೆ ವಿಡಿಯೋ ಇಲ್ಲ, ಮೆಮೊರಿ ಕಾರ್ಡು ಒಂದೇ. ಎಲ್ಲ ನಿಜ. ಆದರೆ ಆ ಮೊದಲನೇ ಬೈಗುಳ ಐಎಸ್‌ಒ 100ರಲ್ಲಿ ಬೆಟ್ಟ, ಸೂರ್ಯಾಸ್ತ ತೆಗೆಯುವವರಿಗೆ. 6400ರಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಎಲ್ಲರೂ ಬೈದಿದ್ದರಿಂದಲೇ ಬೆಲೆ ಇಳಿದಿತ್ತು, ನನಗೆ ಅಷ್ಟೇ ಬೇಕಾಗಿತ್ತು. ಪಾಯಿಂಟು ನಡುವೆ ಇದ್ದರೆ ಇರಲಿ, ನಡುವೆ ಹಿಡಿದು ಆಮೇಲೆ ಕತ್ತರಿಸ್ತೀನಿ. 26 ಮೆಗಾಪಿಕ್ಸೆಲ್ ಇನ್ಯಾಕಿರೋದು?

ಸೆಕೆಂಡ್ ಹ್ಯಾಂಡ್ ಒಂದು ನೋಡೋಕೆ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆ. ಬ್ಯಾಗಲ್ಲಿ 85, ಲ್ಯಾಪ್‌ಟಾಪು, ಎರಡು ಹಳೇ ಶಟಲ್. ಅಂಗಡಿಯಲ್ಲಿ ಟ್ಯೂಬ್‌ಲೈಟ್ ನೋಡಿ ಖುಷಿಯಾಯ್ತು. ಅಲ್ಲಿನ ಹುಡುಗನ ಕೈಗೆ ಶಟಲ್ ಕೊಟ್ಟು "ಮೇಲಕ್ಕೆ ಎಸಿತಾ ಇರಪ್ಪಾ" ಅಂದೆ. ಅವನು ಮಾಲೀಕನ ಮುಖ ನೋಡಿದ. ಮಾಲೀಕ ನನ್ನ ಮುಖ ನೋಡಿದ. ಆ್ಯಂಟಿ ಫ್ಲಿಕರ್ ಇಲ್ಲದೆ ಮೂವತ್ತು, ಹಾಕಿ ಮೂವತ್ತು ತೆಗೆದೆ, ಎಲ್ಲ 1/1000ರಲ್ಲಿ. ಮೊದಲ ಮೂವತ್ತರಲ್ಲಿ ಹದಿನಾಲ್ಕೋ ಹದಿನೈದೋ ಕೆಟ್ಟಿದ್ದವು. ಎರಡನೇ ಮೂವತ್ತನ್ನು ಲ್ಯಾಪ್‌ಟಾಪ್‌ನಲ್ಲಿ ಸಾಲಾಗಿ ಇಟ್ಟರೆ ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆ ಹಾಗೆ. ಶಟರ್ ಕೌಂಟ್, ಅಂದರೆ ಅದು ಅಲ್ಲಿವರೆಗೆ ತೆಗೆದ ಫೋಟೋ ಲೆಕ್ಕ, ನಲವತ್ತು ಸಾವಿರದ ಆಸುಪಾಸು. 62 ಸಾವಿರ ಹೇಳಿದರು, 56 ಸಾವಿರಕ್ಕೆ ಮುಗಿಸಿದೆ. 1500ಡಿ ಸೆಟ್ಟು ಮಾರಿದ್ದರಲ್ಲಿ 22 ಸಾವಿರ ಬಂದಿತ್ತು, ಉಳಿದದ್ದು ಚೀಟಿ ಎತ್ತಿದ್ದು.

ಊರಿಗೆ ಬಂದರೆ ನಮ್ಮ ಓಣಿಯ ಹಿರಿಯ ಸ್ಟುಡಿಯೋದವರು, ನಾನು ಮಾಮ ಅಂತ ಕರೆಯೋದು, ಕೈಗೆ ತಗೊಂಡು ತಿರುಗಿಸಿ ಮುರುಗಿಸಿ ನೋಡಿ, "ಏನಲೇ, ಅಷ್ಟು ರೊಕ್ಕ ಕೊಟ್ಟು ಈ ಡಬ್ಬಾ ತಂದಿಯಾ? ಇದರ ಕಾಲ ಮುಗೀತಲೇ" ಅಂದರು.

ಮೊದಲ ವಾರ ಅವರು ಹೇಳಿದ್ದೇ ನಿಜ ಅನ್ನಿಸಿತು. ಎಫ್ 2ರಲ್ಲಿ ಫೋಕಸ್ ಮೂಗಿನ ಮುಂದೆ ಬೀಳ್ತಿತ್ತು, ರ‍್ಯಾಕೆಟ್ ಚೂಪು, ಮುಖ ಮಂಕು. ಸ್ಕೇಲ್ ಒಂದನ್ನು ಓರೆಯಾಗಿ ಇಟ್ಟು, ಎಎಫ್ ಮೈಕ್ರೋ ಅಡ್ಜಸ್ಟ್‌ಮೆಂಟ್‌ನಲ್ಲಿ (ಫೋಕಸ್ ಹಿಂದೆ ಮುಂದೆ ಸರಿಸುವ ಸೆಟ್ಟಿಂಗು) ಒಂದೊಂದೇ ಏರಿಸ್ತಾ ಹೋದೆ. +7ಕ್ಕೆ ಕೂತಿತು. ನಿಮ್ಮ ಲೆನ್ಸಿಗೆ ಬೇರೆ ಇರುತ್ತೆ, ನನ್ನದನ್ನ ಹಾಕಬೇಡಿ. ಸೆಟ್ಟಿಂಗೆಲ್ಲ ಮ್ಯಾನುವಲ್. ಆಟೋ ಬಿಟ್ಟರೆ ಬಿಳಿ ಟೀಶರ್ಟ್ ಬಂದಾಗ ಒಂದು, ಕಪ್ಪು ಬಂದಾಗ ಇನ್ನೊಂದು. ಹಾಲ್‌ನ ಬೆಳಕು ಎಲ್ಲಿಗೆ ಹೋಗುತ್ತೆ, ಅಲ್ಲೇ ಇರುತ್ತಲ್ವಾ? ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬಿಳಿ ಬಿಳಿಯಾಗೇ ಬರೋಕೆ, ಗ್ರೇ ಕಾರ್ಡ್ ಇಲ್ಲ, ಕಾಪಿಯ ಬಿಳಿ ಹಾಳೆ ನಡೆಯುತ್ತೆ. ಆ್ಯಂಟಿ ಫ್ಲಿಕರ್ ಹಾಕಿದರೆ ಬಟನ್ ಒತ್ತಿದ ಮೇಲೆ ಕೂದಲೆಳೆಯಷ್ಟು ತಡ ಆಗುತ್ತೆ, ಬರ್ಸ್ಟೂ (ಒಂದರ ಹಿಂದೆ ಒಂದು ಸಾಲಾಗಿ ತೆಗೆಯೋದು) ಸ್ವಲ್ಪ ನಿಧಾನ. ಹಾಗಾಗಿ ಸ್ಮ್ಯಾಷ್‌ಗೆ ಅರೆಕ್ಷಣ ಮುಂಚೆ ಒತ್ತಬೇಕು. ಆಡುವವನ ಎಡಗೈ ನೋಡಿ. ಬಲಗೈಯವನಾದರೆ ಅದು ಶಟಲ್ ಕಡೆ ಚಾಚಿ ಕೆಳಗೆ ಬರೋಕೆ ಶುರುವಾದ ಕೂಡಲೇ ಒತ್ತಿ. ಕೋರ್ಟಿನ ಯಾವ ಮೂಲೆಯಲ್ಲಿ, ಎಷ್ಟು ಎತ್ತರದಲ್ಲಿ ಕೂರ್ತೀನಿ ಅಂತ ಮಾತ್ರ ಕೇಳಬೇಡಿ. ಅದು ನನ್ನ ಅನ್ನ.

ಕರೆಂಟು ಹೋಗಿ ಜನರೇಟರ್ ಶುರುವಾದರೆ ಈ ಆ್ಯಂಟಿ ಫ್ಲಿಕರ್ ಆಟ ನಡೆಯಲ್ಲ. ಒಂದು ಸಲ ಫೈನಲ್ ಹಾಗೇ ಆಯ್ತು, ಅರ್ಧಕ್ಕರ್ಧ ಫೋಟೋ ಹಾಳು. ಆಗ ಶಟರ್ 1/100ಕ್ಕೆ ಇಳಿಸಿ, ಪಾಯಿಂಟ್ ಗೆದ್ದವರ ಕೂಗು, ಸೋತವರ ಮುಖ ತೆಗೆದೆ. ಅವೇ ಜಾಸ್ತಿ ಮಾರಾಟ ಆದವು.

ಆ 1/100 ತಲೆಯಲ್ಲಿ ಉಳೀತು. ಒಂದು ರಾತ್ರಿ ನಮ್ಮ ಕಡೆಯ ಬಯಲಾಟಕ್ಕೆ ಹೋದಾಗ ಅದನ್ನೇ ಇಟ್ಟೆ. ಬೇಕಂತಲೇ. ಪಾತ್ರಧಾರಿ ಗಿರಗಿರ ತಿರುಗುವಾಗ ಬಟ್ಟೆ ಬಣ್ಣದ ಚಕ್ರ ಆಗುತ್ತೆ, ಒಂದು ಕ್ಷಣ ನಿಂತು ಕಣ್ಣು ಕೆಕ್ಕರಿಸಿದಾಗ ಕಿರೀಟ, ಭುಜಕೀರ್ತಿ, ಮುಖ ಮಾತ್ರ ಚೂಪು. ಅದರಿಂದ ಒಂದು ಪೈಸೆ ಹುಟ್ಟಿಲ್ಲ. ಅಂಗಡಿ ಗೋಡೆಗೆ ಹಾಕಿದ್ದೀನಿ, ಬಂದವರೆಲ್ಲ ಅದನ್ನೇ ನೋಡ್ತಾರೆ. ಗರಡಿ ಮನೆಯಲ್ಲೂ ಪ್ರಯತ್ನ ಮಾಡಿದೆ. ಒಂದೇ ಟ್ಯೂಬ್‌ಲೈಟು, ಕೆಮ್ಮಣ್ಣು, ಎಣ್ಣೆ ಮೈ. 85 ಉದ್ದ ಆಯ್ತು, ಗೋಡೆಗೆ ಬೆನ್ನು ಹತ್ತಿದರೂ ಒಬ್ಬನೇ ಪೈಲ್ವಾನ್ ಹಿಡಿಸ್ತಿದ್ದ. ಅದಕ್ಕೆ 35ರ ಲೆನ್ಸ್ ಬೇಕು. ಬೆಂಗಳೂರಿನವರಿಗೆ ಫಂಗಸ್ ಚಿಂತೆಯಂತೆ, ನಮಗೆ ಧೂಳಿನದು. ಆ ದಿನ ಆದಮೇಲೆ ಸೆನ್ಸರ್ ಕ್ಲೀನಿಂಗ್‌ಗೆ 800 ಹೋಯ್ತು.

ಲೆಕ್ಕ ಹೇಳಿಬಿಡ್ತೀನಿ. ರಿಪೇರಿ, ಬಾಡಿಗೆ, ಲೆನ್ಸ್, ಬಾಡಿ, ಬೆಂಗಳೂರು ಓಡಾಟ ಎಲ್ಲ ಸೇರಿ 80 ಸಾವಿರದ ಮೇಲೆ ಹೋಗಿದೆ. ಎರಡು ದಿನದ ಟೂರ್ನಿ ಆದರೆ ಈಗ 8 ಸಾವಿರ ತಗೋತೀನಿ. ಅದರ ಮೇಲೆ 8-12 ಸೈಜಿನ ಪ್ರಿಂಟು 150ರಂತೆ, ಒಂದು ಟೂರ್ನಿಗೆ ನಲವತ್ತು ಐವತ್ತು ಹೋಗುತ್ತೆ. ಹೋದ ಆಷಾಢದಲ್ಲಿ ಅಂಗಡಿ ಬಾಡಿಗೆ ಶಟಲ್ ದುಡ್ಡಲ್ಲೇ ಕಟ್ಟಿದೆ.

ಮೊನ್ನೆ ಮಾಮ ಬಂದಿದ್ದರು. ಟೀ ಕುಡಿದರು, ಬಿಸಿಲಿನ ಮಾತಾಡಿದರು, ಆಮೇಲೆ ನಿಧಾನಕ್ಕೆ, "ಮೊಮ್ಮಗಳದ್ದು ಮ್ಯಾಚ್ ಐತಲೇ. ನಿನ್ನ ಡಬ್ಬಾ ಒಂದಿನ ಕೊಡ್ತೀಯೇನು?" ಅಂದರು. ಬಾಡಿ ಕೊಟ್ಟೆ. 85 ಕೊಡಲಿಲ್ಲ. ಸಂಜೆ ಫೋನ್ ಮಾಡಿದರು.

"ಎಲ್ಲ ಕತ್ತಲೆ ಬರಾಕತ್ತೈತಲ್ಲೋ?"

"ಮಾಮ, ಹತ್ತು ನಿಮಿಷ. ನಾನೇ ಬಂದೆ" ಅಂತ ಲೆನ್ಸ್ ಎತ್ತಿಕೊಂಡು ಗಾಡಿ ಹತ್ತಿದೆ.